ಮನೆವಾರ್ತೆಯ ಸಂದೇಹಗಳು

ಗೃಹಸ್ಥನಾದವನಿಗೆ ಒದಗುವ ಸಂದೇಹಗಳು ಎರಡು ತೆರನಾದವು. ಹೊಲದ ಹಕ್ಕು, ಸಾಲದ ಪತ್ರ, ರೋಗದ ಚಿಕಿತ್ಸೆ, ಮಕ್ಕಳ ಓದು ಮುಂತಾದ ದೊಡ್ಡ ಸಂದೇಹಗಳಿಗೆ ವಕೀಲರೂ ವೈದ್ಯರೂ ಉಪಾಧ್ಯಾಯರೂ ಇದ್ದಾರೆ. ಅವರಿಗೆ ಸಲ್ಲತಕ್ಕುದನ್ನು ಸಲ್ಲಿಸಿ ಉತ್ತರವನ್ನು ಪಡೆಯಬಹುದು. ಎರಡನೆಯ ತೆರದವು ಗಾತ್ರದಲ್ಲಿ ಬಲು ಸಣ್ಣವು. ನೆರೆಮನೆಯವರು ಹೋಳಿಗೆ ಕಳುಹಿಸಿದ ಪಾತ್ರೆಯಲ್ಲಿ ಏನನ್ನು ಇಟ್ಟು ಹಿಂದಿರುಗಿಸಬೇಕು? ಮೂರು ದಿನಕ್ಕೆಂದು ಬಂದ ನಂಟರು ಒಂಬತ್ತನೆಯ ದಿನವೂ ಹೊರಡುವ ಮಾತೆತ್ತದಿದ್ದರೆ ಏನು ಮಾಡಬೇಕು? 20 ವರ್ಷದ ಹಿಂದೆ 51 ರೂಪಾಯಿ ಮುಯ್ಯಿ ಮಾಡಿದವರ ಮನೆಯ ಮದುವೆಗೆ ಈಗ ಎಷ್ಟು ಮುಯ್ಯಿ ಮಾಡುವುದು ಯುಕ್ತ? ಸಾವಾದ ಮನೆಗೆ ಹೋದವನು ಏನು ಹೇಳಿ ಅಲ್ಲಿಂದ ಹೊರಡಬೇಕು? ಇವುಗಳಿಗೆ ವಕೀಲನಿಲ್ಲ, ವೈದ್ಯನಿಲ್ಲ. ಆದರೂ ಇಂಥವುಗಳಿಂದ ಮುರಿದ ಮನಸ್ಸುಗಳು ವ್ಯಾಜ್ಯಗಳಿಂದ ಮುರಿದವುಗಳಿಗಿಂತ ಕಡಮೆಯೇನಲ್ಲವೆಂಬುದನ್ನು ಸಂಸಾರ ನಡೆಸಿದವರೆಲ್ಲರೂ ಬಲ್ಲರು. ಇವಕ್ಕೆ ಉತ್ತರ ಹೇಳುವ ಭಾರವು ಎಲ್ಲ ಕಾಲದಲ್ಲಿಯೂ ಸ್ನೇಹಿತರ ಮೇಲೆ ಬೀಳುತ್ತ ಬಂದಿದೆ.

ಗ್ರಂಥವನ್ನು ತೆರೆದು ನೋಡಬಾರದೇ ಎಂದು ಯಾರಾದರೂ ಕೇಳಬಹುದು. ಪೂರ್ವಿಕರು ಗೃಹಕೃತ್ಯಗಳನ್ನು ಕುರಿತು ಬರೆಯದೆ ಬಿಟ್ಟವರಲ್ಲ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಮನೆಗೆ ಬಂದ ಪೂಜ್ಯರನ್ನು ಸತ್ಕರಿಸುವ ಮಧುಪರ್ಕದ ವಿಧಿಯುಂಟು. ಋತ್ವಿಜ, ಸ್ನಾತಕ, ರಾಜ, ಆಚಾರ್ಯ, ಹೆಣ್ಣು ಕೊಟ್ಟ ಮಾವ, ಚಿಕ್ಕಪ್ಪ, ಸೋದರಮಾವ ಇವರು ಅದಕ್ಕೆ ಅರ್ಹರೆಂದೂ, ಮೊಸರಿಗೆ ಜೇನನ್ನು ಬೆರೆಸಿ ಕೊಡಬೇಕೆಂದೂ, ಜೇನು ದೊರೆಯದಿದ್ದರೆ ತುಪ್ಪವಾಗಬಹುದೆಂದೂ ಅಲ್ಲಿ ವಿಧಿಸಿದೆ. ಜೇನಿಲ್ಲದ ಮನೆಯ ಕಷ್ಟವನ್ನು ಕೂಡ ಗಣನೆಗೆ ತಂದುಕೊಂಡ ಸೂತ್ರಕಾರನು ಒಂಬತ್ತನೆಯ ದಿನದ ಸೋದರಮಾವನ ವಿಷಯದಲ್ಲಿ ಮಾತ್ರ ಮೌನವನ್ನು ವಹಿಸಿದ್ದಾನೆ! ಇದನ್ನು ಅವನ ಅಲಕ್ಷ್ಯವೆನ್ನಲಾಗದು. ಎಲ್ಲವನ್ನೂ ಸೂತ್ರದಲ್ಲಿ ಅಡಗಿಸಲು ಬಾರದೆಂಬುದನ್ನು ಸೂತ್ರಕಾರರೇ ಅರಿತಿದ್ದರು. ಆಪಸ್ತಂಬ ಧರ್ಮಸೂತ್ರವು ಮುಗಿಯುವ ಕಡೆಯಲ್ಲಿ, ಹೇಳದೆ ಉಳಿದ ಧರ್ಮಗಳನ್ನು ಹೆಂಗಸರಿಂದಲೂ ಎಲ್ಲ ವರ್ಣದವರಿಂದಲೂ ತಿಳಿದುಕೊಳ್ಳಬೇಕೆಂಬ ಕೆಲವರ ಮತವನ್ನು ಎತ್ತಿ ಹೇಳಿದೆ. ಅಷ್ಟೆಲ್ಲ ವಿಧಿಗಳನ್ನು ಹೇಳಿದ ಗ್ರಂಥವೊಂದು ಕಡೆಗೆ ಓದುಗನನ್ನು ನೆರೆಹೊರೆಯವರ ಬಳಿಗೆ ಕಳುಹಿಸಿಕೊಡುವುದು ಸ್ವಾರಸ್ಯವಾಗಿದೆ.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಈ ವಿಷಯವು ಇನ್ನೂ ಸ್ಪಷ್ಟವಾಗಿ ಬಂದಿದೆ. ಅಧ್ಯಯನವನ್ನು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವದು. ತಾಯಿತಂದೆಗಳನ್ನೂ ಅತಿಥಿಯನ್ನೂ ದೇವರಂತೆ ಕಾಣಬೇಕೆಂಬ ಭಾಗವನ್ನು ಎಲ್ಲರೂ ಬಲ್ಲರು. ಅದರ ಮುಂದಿನ ಮಾತನ್ನು ನೆನೆಯುವವರು ವಿರಳ. ಕರ್ಮದಲ್ಲಿಯಾಗಲಿ ನಡತೆಯಲ್ಲಿಯಾಗಲಿ ಸಂದೇಹವುಂಟಾದರೆ, ಅಲ್ಲಿ ಇರುವ, ವಿಚಾರಶೀಲರೂ ಅಲೂಕ್ಷರೂ ಧರ್ಮಕಾಮರೂ ಆದ ಬ್ರಾಹ್ಮಣರು ಹೇಗೆ ನಡೆಯುವರೋ ಹಾಗೆ ನಡೆಯಬೇಕೆಂದು ಆಚಾರ್ಯನು ಹೇಳುತ್ತಾನೆ. ಆ ಕಾಲದ ಮಾತಿನಂತೆ ಬ್ರಾಹ್ಮಣರೆಂದೇ ಹೇಳಿದ್ದರೂ, ಅಲ್ಲಿ ಎಣಿಸಿರುವ ಲಕ್ಷಣಗಳು ಯಾವ ಮನೆಯಲ್ಲಿಯಾದರೂ ದೊರೆಯತಕ್ಕವು. ಅವುಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಬೇಕು. ಉತ್ತರ ಹೇಳುವವನು ‘ಅಲ್ಲಿ’ ಇರುವವನಾಗಿರಬೇಕು. ಎಂದರೆ ಆ ಊರನ್ನೂ ಆ ಮನೆಯನ್ನೂ ಕಂಡವನಾಗಿರಬೇಕು. ಮತ್ತು ಅವನು ‘ಅಲೂಕ್ಷ’ನಾಗಿರಬೇಕು, ಎಂದರೆ ಒರಟಲ್ಲದವನು, ಮನಸ್ಸು ಒಣಗದವನು ಆಗಿರಬೇಕು. ಪಾಂಡಿತ್ಯದೊಡನೆ ಮೃದುತ್ವವನ್ನೂ ಕೇಳಿದ ಆ ಆಚಾರ್ಯನು ಸಂಸಾರದ ಮರ್ಮವನ್ನು ಬಲ್ಲವನೇ ಸರಿ.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಇಂಥ ಸಂದೇಹಗಳು ಸಂಜೆಯ ಹೊತ್ತು ಜಗಲಿಗಳ ಮೇಲೆ ಗಂಡಸರಲ್ಲಿಯೂ, ಹಿತ್ತಿಲಿನ ಬಾವಿಕಟ್ಟೆಯ ಬಳಿ ಹೆಂಗಸರಲ್ಲಿಯೂ ಇತ್ಯರ್ಥವಾಗುತ್ತಿದ್ದವು. ಉತ್ತರ ಹೇಳುವ ಸ್ನೇಹಿತರಲ್ಲಿಯೂ ಹಲವು ಬಗೆ. ನಿಯಮವನ್ನಷ್ಟೆ ಹೇಳುವವರು ಒಂದು ಬಗೆ. ತಮ್ಮ ಅಜ್ಜಿಯ ಮನೆಯಲ್ಲಿ ನಡೆದುದನ್ನು ಹೇಳಿ, ಅದೇ ಲೋಕದ ನಿಯಮವೆನ್ನುವವರು ಇನ್ನೊಂದು ಬಗೆ. “ನಿಮಗೆ ತೋರಿದಂತೆ ಮಾಡಿ” ಎಂದು ಜಾರಿಕೊಳ್ಳುವವರು ಮೂರನೆಯ ಬಗೆ. ಇವರಿಂದ ಕೆಡುಕೂ ಇಲ್ಲ, ಪ್ರಯೋಜನವೂ ಇಲ್ಲ. ನಾಲ್ಕನೆಯ ಬಗೆಯವರು ಉತ್ತರ ಹೇಳುವುದಕ್ಕೆ ಮೊದಲು ತಾವೇ ಒಂದು ಪ್ರಶ್ನೆಯನ್ನು ಕೇಳುವರು. ಅವರು ಸಿಕ್ಕುವುದೇ ಭಾಗ್ಯ.

ಸಾವಾದ ಮನೆಯಿಂದ ಹೊರಡುವಾಗ “ಹೋಗಿ ಬರುತ್ತೇನೆ” ಎನ್ನಬಾರದು, ಸುಮ್ಮನೆ ಎದ್ದು ಬರಬೇಕು. ಇದು ನಿಯಮ, ಇದನ್ನು ಯಾರಾದರೂ ಹೇಳಿಯಾರು. ಅಲೂಕ್ಷನಾದ ಸ್ನೇಹಿತನು ಅದನ್ನು ಹೇಳಿ ನಿಲ್ಲಿಸುವುದಿಲ್ಲ. “ವೈಕುಂಠ ಸಮಾರಾಧನೆ ಮುಗಿದು ನಂಟರೆಲ್ಲ ಹೊರಟ ಮೇಲೆ ಇನ್ನೊಂದು ದಿನ ಹೋಗಿ ಅರ್ಧ ಘಂಟೆ ಕುಳಿತು ಬಾ, ಆ ಮನೆ ಬರಿದಾಗುವುದು ಆಗಲೇ” ಎನ್ನುವನು. ಮುಯ್ಯಿಯ ಪ್ರಶ್ನೆಗೆ ಲೆಕ್ಕಗಾರನಾದವನು ಅಂದಿನ ಅಕ್ಕಿಯ ಧಾರಣೆಯನ್ನೂ ಇಂದಿನದನ್ನೂ ಹೋಲಿಸಿ ಒಂದು ಮೊತ್ತವನ್ನು ಹೇಳಿಯಾನು. ವಿವೇಕಿಯಾದವನು, “ಅವರ ಸ್ಥಿತಿ ಈಗ ಹೇಗಿದೆ?” ಎಂದು ಕೇಳುವನು. ಏಕೆಂದರೆ ಮುಯ್ಯಿಯು ಬರಿಯ ಉಡುಗೊರೆಯಲ್ಲ. ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದೆ ತೀರಿಸತಕ್ಕ ಋಣ. ಬಡವರ ಮನೆಗೆ ಹಿರಿದಾದ ಮುಯ್ಯಿಯನ್ನು ಮಾಡುವುದೆಂದರೆ ಅವರ ತಲೆಯ ಮೇಲೆ ಸಾಲವನ್ನು ಹೊರಿಸಿದಂತೆಯೇ. ಪಾತ್ರೆಯ ವಿಷಯವೂ ಹೀಗೆಯೇ. ಬರಿದಾಗಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಯ ಹಣ್ಣನ್ನೋ ಇಡಬೇಕೆಂಬುದು ನಿಯಮ. ಬಂದುದಕ್ಕಿಂತ ಹೆಚ್ಚಿನದನ್ನು ತುಂಬಿ ಕೊಟ್ಟು ಕಳುಹಿಸಿದವರನ್ನು ಕುಗ್ಗಿಸಬಾರದೆಂಬುದು ನಿಯಮದ ಒಳಗಿನ ಹುರುಳು. ಒಂಬತ್ತನೆಯ ದಿನದ ನಂಟನ ವಿಷಯದಲ್ಲಿ ನಗೆಯಾಡುವವರೇ ಬಹಳ. “ಆತನಿಗೆ ತನ್ನ ಮನೆಯಲ್ಲಿ ಏನಾದರೂ ತೊಂದರೆಯುಂಟೋ ವಿಚಾರಿಸಿದೆಯಾ?” ಎಂದು ಕೇಳುವವನು ನೂರರಲ್ಲೊಬ್ಬ. ಹಿಂದಿರುಗಲು ಮನಸ್ಸಾಗದ ಮನೆಯೊಂದು ಹಿಂದೆ ಇರುವುದರಿಂದಲೇ ನಂಟನು ದಿನಗಳನ್ನು ನೂಕುತ್ತಿರುವುದು ಎಷ್ಟೋ ಸಲ ಉಂಟು.

ಪಾತ್ರೆಯಲ್ಲಿ ತಪ್ಪಿದರೆ ಒಂದು ವಾರದ ಮುನಿಸು. ತಪ್ಪಿದರೆ ಒಂದು ಜೀವವು ಮುದುಡಿಹೋಗುವಂಥ ಸಂದೇಹಗಳೂ ಇವೆ. ಹಾಸನದ ಕಡೆಯ ಒಂದು ಊರಿನಲ್ಲಿ ಕೆಲವು ಶ್ರಾವಣಗಳ ಹಿಂದೆ ಒಬ್ಬ ಗೃಹಿಣಿಗೆ ಅಂಥದೊಂದು ಒದಗಿತು. ಆಕೆಯ ಮನೆಯ ವರಮಹಾಲಕ್ಷ್ಮಿಯ ಕಲಶಕ್ಕೆ ಇಪ್ಪತ್ತು ವರ್ಷಗಳಿಂದ ಸೀರೆ ಉಡಿಸುತ್ತಿದ್ದವರು ಪಕ್ಕದ ಮನೆಯ ಹಿರಿಯ ಹೆಂಗಸು. ನೆರಿಗೆ ಹಿಡಿಯುವುದರಲ್ಲಿ ಆ ಬೀದಿಯಲ್ಲಿ ಅವರಿಗೆ ಸಮನಾದವರಿರಲಿಲ್ಲ. ಆ ವರ್ಷದ ಮಾಘದಲ್ಲಿ ಅವರ ಯಜಮಾನರು ತೀರಿಕೊಂಡಿದ್ದರು. ಕರೆಯಬೇಕೇ, ಬಿಡಬೇಕೇ? ಕರೆದರೆ ಅರಿಸಿನ ಕುಂಕುಮಕ್ಕೆ ಬಂದ ನಾಲ್ಕು ಹೆಂಗಸರು ಮುಖ ಮುಖ ನೋಡಿಕೊಳ್ಳುವರು; ಆ ನೋಟವು ಅವರಿಗೇ ತಗಲುವುದು. ಬಿಟ್ಟರೆ ಒಂದೇ ಗೋಡೆಯ ಆಚೆಯಿಂದ ಅವರು ಹಾಡನ್ನೂ ಬಳೆಯ ಸದ್ದನ್ನೂ ಕೇಳುತ್ತ ಕುಳಿತಿರಬೇಕಾಗುವುದು. ಗೃಹಿಣಿಯು ತನ್ನ ಮೂವರು ಗೆಳತಿಯರನ್ನು ವಿಚಾರಿಸಿದಳು.

ಮೊದಲನೆಯವಳು, “ಸಂಪ್ರದಾಯವಿರುವುದು ಸುಮ್ಮನೆಯಲ್ಲ, ವರ್ಷ ತುಂಬುವವರೆಗಾದರೂ ಬೇಡ. ಅವರೂ ಇದನ್ನು ಬಲ್ಲರು, ತಪ್ಪು ತಿಳಿಯರು” ಎಂದಳು. ಎರಡನೆಯವಳಿಗೆ ಕೋಪವೇ ಬಂತು. ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥ ದೇವಾಲಯದಲ್ಲಿ 2013ರಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರನ್ನು ಅರ್ಚಕರನ್ನಾಗಿ ನೇಮಿಸಿದುದನ್ನೂ, ಕೊಲ್ಲಾಪುರ ಜಿಲ್ಲೆಯ ಹೇರವಾಡವೆಂಬ ಹಳ್ಳಿಯವರು 2022ರ ಮೇ ತಿಂಗಳಿನಲ್ಲಿ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿದುದನ್ನೂ ಎತ್ತಿ ಹೇಳಿ, “ಎಲ್ಲರ ಎದುರಿನಲ್ಲಿ ಮೊದಲ ಕುಂಕುಮವನ್ನು ಅವರಿಗೇ ಇಡಿ, ನೋಡುವವರು ನೋಡಲಿ” ಎಂದಳು. ಅವಳು ಹೇಳಿದ ಸಂಗತಿಗಳು ನಿಜವಾದವು. ಅವಳ ಕೋಪವೂ ನ್ಯಾಯವಾದುದೇ.

ಮೂರನೆಯವಳು, “ಅವರನ್ನು ಕೇಳಿದಿರಾ?” ಎಂದಳು.

“ಇಂಥದನ್ನು ಅವರ ಬಳಿಯೇ ಹೇಗೆ ಕೇಳುವುದು?”

“ಕರೆಯಲೋ ಬೇಡವೋ ಎಂದು ಕೇಳಬೇಡಿ. ಈ ಸಲವೂ ಸೀರೆ ನೀವೇ ಉಡಿಸಿಕೊಡಬೇಕು ಅಕ್ಕ, ನನಗೆ ನೆರಿಗೆ ಬರುವುದಿಲ್ಲ ಎನ್ನಿ. ಅದು ನಿಜವೇ ತಾನೆ? ಮನಸ್ಸಿದ್ದರೆ ಬರುವರು. ಇಲ್ಲದಿದ್ದರೆ ಮೈ ಸರಿಯಿಲ್ಲವೆನ್ನುವುದಕ್ಕೆ ಅವರಿಗೆ ದಾರಿಯಿರುವುದು. ಸಂಜೆಗೆ ಬಂದರೆ ಎಲ್ಲರಂತೆ ತಾಂಬೂಲ ಕೊಡಿ. ಮೊದಲೂ ಬೇಡ, ಕೊನೆಯೂ ಬೇಡ. ಕುಂಕುಮದ ಬಟ್ಟಲನ್ನು ಮುಂದೆ ಹಿಡಿಯಿರಿ. ಇಟ್ಟುಕೊಳ್ಳುವುದೂ ಬಿಡುವುದೂ ಅವರಿಗೆ ಸೇರಿದುದು.”

ಹಾಗೆಯೇ ನಡೆಯಿತು. ಗುರುವಾರ ರಾತ್ರಿ ಹಿರಿಯರು ಬಂದು ಎರಡು ಘಂಟೆ ಕುಳಿತು ಸೀರೆ ಉಡಿಸಿದರು. ಒಂದು ನೆರಿಗೆ ಸರಿಬಾರದೆ ಮೂರು ಸಲ ಬಿಚ್ಚಿ ಕಟ್ಟಿದರು. ಶುಕ್ರವಾರ ಸಂಜೆಗೆ ಬರಲಿಲ್ಲ. ತಾವು ಕಟ್ಟಿದ ಮಲ್ಲಿಗೆಯ ದಂಡೆಯನ್ನು ಮಾತ್ರ ಕಳುಹಿಸಿದರು. ಮರುದಿನ ಗೃಹಿಣಿಯು ತಾಂಬೂಲವನ್ನು ಅವರ ಮನೆಗೇ ಒಯ್ದು ಕೊಟ್ಟಳು. ಮುಂದಿನ ವರ್ಷ ಸಂಜೆಗೂ ಬಂದರು. ಬಟ್ಟಲನ್ನು ಮುಂದೆ ಹಿಡಿದಾಗ ಕುಂಕುಮವನ್ನು ಇಟ್ಟುಕೊಂಡರೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯಬೇಕಾದುದಿಲ್ಲ. ಅದು ಅವರಿಗೆ ಸೇರಿದುದು.

ಮೊದಲ ಇಬ್ಬರು ಗೆಳತಿಯರ ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಒಂದು ಅಂಶದಲ್ಲಿ ಸಮಾನವಾದವು. ಒಬ್ಬಳು ಸಂಪ್ರದಾಯವನ್ನು ನೋಡಿದಳು, ಇನ್ನೊಬ್ಬಳು ಸುಧಾರಣೆಯನ್ನು ನೋಡಿದಳು. ಗೋಡೆಯ ಆಚೆ ಕುಳಿತಿದ್ದವರನ್ನು ಇಬ್ಬರೂ ನೋಡಲಿಲ್ಲ. ಊರು ಹೇಗೆ ನಡೆಯಬೇಕೆಂಬುದನ್ನು ಗ್ರಾಮಸಭೆಯು ನಿಶ್ಚಯಿಸಬಹುದು, ನಿಶ್ಚಯಿಸಲೂ ಬೇಕು. ಆದರೆ ದುಃಖದಲ್ಲಿರುವವರೊಬ್ಬರು ಇಂದಿನ ಸಂಜೆ ಹತ್ತು ಜನರ ಕಣ್ಣಿಗೆ ಬೀಳಲು ಸಿದ್ಧರಾಗಿರುವರೇ ಎಂಬುದನ್ನು ಅವರೇ ಹೇಳಬೇಕು. ಹೇಳುವುದಕ್ಕೆ ಅನುಕೂಲವಾಗುವಂತೆ ಇತರರು ದಾರಿ ಮಾಡಿಕೊಡಬೇಕು. ಶಿಷ್ಟಾಚಾರವೆಂಬುದರ ಪ್ರಯೋಜನವು ಇಷ್ಟೇ.

ಕೇಳುವವನಿಗೂ ಕೆಲವು ಧರ್ಮಗಳುಂಟು. ಕಾರ್ಯಕ್ಕೆ ಮುಂಚೆ ಕೇಳಬೇಕು. ಮಾಡಿ ಮುಗಿಸಿದ ಮೇಲೆ ಕೇಳುವುದು ಹೊಗಳಿಕೆಯನ್ನು ಬೇಡಿದಂತೆ. ಸಂಗತಿಯನ್ನು ಪೂರ್ತಿಯಾಗಿ ಹೇಳಬೇಕು. ತನಗೆ ಬೇಕಾದ ಉತ್ತರ ಬರುವಂತೆ ಅರ್ಧವನ್ನು ಮರೆಮಾಚಬಾರದು. ಒಬ್ಬರ ಉತ್ತರ ರುಚಿಸಲಿಲ್ಲವೆಂದು ರುಚಿಸುವ ಉತ್ತರ ದೊರೆಯುವವರೆಗೆ ಮನೆಯಿಂದ ಮನೆಗೆ ಅಲೆಯಬಾರದು. ಕಾರ್ಯವು ಕೆಟ್ಟರೆ “ಇಂಥವರು ಹೇಳಿದರು” ಎಂದು ಸ್ನೇಹಿತನನ್ನು ಗುರಾಣಿಯಂತೆ ಮುಂದೆ ಹಿಡಿಯಲೇಬಾರದು. ಉತ್ತರ ಹೇಳಿದವನಿಗಾದರೋ ಒಂದೇ ಧರ್ಮ ಸಾಕು: ಕಿವಿಗೆ ಬಿದ್ದುದನ್ನು ಇನ್ನೊಂದು ಜಗಲಿಗೆ ಒಯ್ಯದಿರುವುದು.

ಈಗ ಜಗಲಿಗಳು ಬಹುಮಟ್ಟಿಗೆ ಹೋಗಿವೆ. ನಲ್ಲಿಯ ನೀರು ಒಳಗೇ ಬಂದುದರಿಂದ ಬಾವಿಕಟ್ಟೆಯೂ ಬರಿದಾಗಿದೆ. ಆದರೆ ಸಂದೇಹಗಳು ಹೋಗಿಲ್ಲ, ಹೊಸವು ಸೇರಿಕೊಂಡಿವೆ. ವಾಟ್ಸಾಪಿನಲ್ಲಿ ಬಂದ ಮದುವೆಯ ಕರೆಯೋಲೆಯನ್ನು ಮನೆಗೆ ಬಂದು ಅಕ್ಷತೆ ಕೊಟ್ಟು ಕರೆದುದಕ್ಕೆ ಸಮವೆಂದು ಎಣಿಸಬೇಕೇ? ಊಟದ ಎಲೆಯ ಮುಂದೆ ಕುಳಿತಾಗ ದೂರವಾಣಿಯು ಕರೆದರೆ ಎತ್ತಬಹುದೇ? ಅಮೆರಿಕದಲ್ಲಿರುವ ಕನ್ನಡದ ಸೊಸೆಯೊಬ್ಬಳು ಇಂಥದನ್ನು ಇನ್ನೂರು ಮಂದಿಯ ಗುಂಪಿನಲ್ಲಿ ಕೇಳಿದರೆ ಹತ್ತು ನಿಮಿಷದೊಳಗೆ ನಲವತ್ತು ಉತ್ತರಗಳು ಬಂದಾವು. ಅವುಗಳಲ್ಲಿ ಒಳ್ಳೆಯವೂ ಇದ್ದಾವು. ಆದರೆ ಉತ್ತರಿಸುವವರಲ್ಲಿ ಅವಳ ಅತ್ತೆಯನ್ನು ಕಂಡವರು ಎಷ್ಟು ಮಂದಿ? ನೆರೆಮನೆಯವರನ್ನು ಬಲ್ಲವರು ಎಷ್ಟು ಮಂದಿ? ‘ಅಲ್ಲಿ’ ಇರುವವರು ಬೇಕೆಂದು ಆಚಾರ್ಯನು ಹೇಳಿದುದರ ಅರ್ಥವು ಇಲ್ಲಿ ಹೊಳೆಯುತ್ತದೆ. ದೂರವು ಮೈಲಿಗಳಿಂದಲೇ ಆಗತಕ್ಕುದಲ್ಲ. ಸಮುದ್ರದಾಚೆಯಿಂದಲೂ ಆ ಮನೆಯನ್ನು ಬಲ್ಲ ಗೆಳತಿಯೊಬ್ಬಳು “ನಿಮ್ಮ ಅತ್ತೆಯವರಿಗೆ ಇದರಿಂದ ನೋವಾದೀತೇ?” ಎಂದು ಕೇಳಿದರೆ ಅವಳು ಅಲ್ಲಿಯೇ ಇದ್ದಂತೆ, ಎದುರುಮನೆಯಲ್ಲಿದ್ದೂ ಕೇಳದವಳು ದೂರದವಳೇ.

ಆದುದರಿಂದ ಮನೆವಾರ್ತೆಯಲ್ಲಿ ಸಂದೇಹ ಬಂದಾಗ ಬಹಳ ತಿಳಿದವರನ್ನು ಹುಡುಕಬೇಕಾದುದಿಲ್ಲ. ಉತ್ತರ ಹೇಳುವ ಮುನ್ನ ಒಂದು ಕ್ಷಣ ಸುಮ್ಮನಿದ್ದು, ಇದರಿಂದ ನೋಯತಕ್ಕವರು ಯಾರೆಂದು ಯೋಚಿಸುವ ಒಬ್ಬ ಸ್ನೇಹಿತನೋ ಒಬ್ಬ ಗೆಳತಿಯೋ ಇದ್ದರೆ ಆ ಮನೆಯು ಬಡವಾಗಿಲ್ಲ. ಅಂಥವರು ಇದ್ದಾರೆಯೇ ಎಂದು ಎಣಿಸಿ ನೋಡಿಕೊಳ್ಳುವುದೂ, ಇನ್ನೊಬ್ಬರ ಪಾಲಿಗೆ ತಾವು ಅಂಥವರಾಗಿರುವೆವೇ ಎಂದು ಎಣಿಸಿ ನೋಡಿಕೊಳ್ಳುವುದೂ ವಾಚಕರಿಗೆ ಬಿಟ್ಟುದು.