ಕಡೇ ಗಿಂಡಿ

ಸಂಕ್ರಾಂತಿ ಹಿಂದಿನ ರಾತ್ರಿ ಬಚ್ಚಲ ಹಂಡೆಯ ಒಲೆ ಮುಂದೆ ಕೂತು ಚಳಿ ಕಾಯಿಸುವುದು ನಮ್ಮ ಮನೆಯ ರೂಢಿ. ನಾಗಮಂಗಲದ ಕಡೆ ಆ ಹೊತ್ತಿಗೆ ಮೈ ಕೊರೆಯುವ ಚಳಿ. ತೆಂಗಿನ ಮಟ್ಟೆ ಉರಿಯುತ್ತಿತ್ತು, ಮಕ್ಕಳು ಕಬ್ಬಿನ ತುಂಡು ಸಿಗಿಯುತ್ತಿದ್ದರು. ತಂಗಿಯ ಚಿಕ್ಕ ಮಗಳು ಇದ್ದಕ್ಕಿದ್ದಂತೆ ಕೇಳಿದಳು: "ಮಾವ, ಡೈರೀಲಿ ಅಜ್ಜಿ ಫೋಟೋ ಯಾಕೆ ಹಾಕವ್ರೆ? ಅಜ್ಜಿ ಸೆಕ್ರೆಟರಿ ಆಗಿದ್ರಾ?"

ಸೆಕ್ರೆಟರಿ ಆಗಿರಲಿಲ್ಲ. ಅವಳ ಅಜ್ಜಿಗೆ, ಅಂದರೆ ನನ್ನ ಅವ್ವನಿಗೆ, ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿದ್ದದ್ದು. ಆ ಫೋಟೋ ಗೋಡೆಗೆ ಏರಿದ್ದು ಬಹಳ ವರ್ಷಗಳ ಮೇಲೆ, ಅವಳು ಊರಿನ ಹಾಲಿನ ಸಂಘದ ಡೈರೆಕ್ಟರ್ ಆದಾಗ. ಆದರೆ ಅದರ ಬೇರು 1986ರ ಬೇಸಿಗೆಯಲ್ಲಿದೆ. ನನಗಾಗ ಹತ್ತು ವರ್ಷ. ಈ ಮಕ್ಕಳ ತಾಯಿ, ನನ್ನ ತಂಗಿ, ಎರಡು ತುಂಬಿದ್ದರೂ ಗೋಡೆ ಹಿಡಿದೇ ನಡೆಯುತ್ತಿದ್ದ ಸೊರಗಿದ ಕೂಸು.

ನಮ್ಮೂರಿಗೆ ಡೈರಿ ಬಂದು ಆಗಿನ್ನೂ ಎರಡು ವರ್ಷ ಆಗಿರಲಿಲ್ಲ. ಅದಕ್ಕೆ ಮೊದಲು ಹಾಲೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನವನಿಗೆ ವರ್ತನೆ ಹಾಕುವುದು, ಉಳಿದದ್ದಕ್ಕೆ ಹೆಪ್ಪು ಹಾಕಿ ಬೆಣ್ಣೆ ತೆಗೆದು ಸಂತೆಗೆ ಒಯ್ಯುವುದು, ಅಷ್ಟೆ. ಅಳತೆ ಅವರ ಚೊಂಬಿನದು, ಬೆಲೆ ಅವರ ಬಾಯಲ್ಲಿ ಬಂದದ್ದು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲೇ ತಮ್ಮ ಹಾಲಿಗೆ ತಾವೇ ಸಂಘ ಕಟ್ಟಿಕೊಂಡಿದ್ದರು. 1970ರಲ್ಲಿ ಆ ದಾರಿಯನ್ನೇ ದೇಶಕ್ಕೆಲ್ಲ ಹಬ್ಬಿಸುವ 'ಆಪರೇಷನ್ ಫ್ಲಡ್' ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿಯ ಕೆಲಸ ಹಳ್ಳಿಗಳಿಗೆ ಇಳಿಯಿತು. ನಮ್ಮೂರಿನ ಮಟ್ಟಿಗೆ ಅದು ಬಸವನ ಗುಡಿಯ ಪಕ್ಕದ ಹೆಂಚಿನ ಕೋಣೆ, ನಾಲ್ಕು ಅಲ್ಯೂಮಿನಿಯಂ ಕ್ಯಾನು, ಒಂದು ಮೇಜು, ಮೇಜಿನ ಮೇಲೆ ಕೈಯಲ್ಲಿ ತಿರುಗಿಸುವ ಒಂದು ಮೆಷಿನ್ನಿನ ರೂಪದಲ್ಲಿ ಬಂತು. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ, ಎಲ್ಲ ಕೇರಿಯವರೂ ಒಂದೇ ಸಾಲಲ್ಲಿ ನಿಲ್ಲಬೇಕು ಎಂಬುದು ಆಗ ಕೆಲವರಿಗೆ ನುಂಗಲಾರದ ತುತ್ತಾಗಿತ್ತು. ನುಂಗಿದರು. ಬಟವಾಡೆಯ ದಿನ ಕೈಗೆ ಬರುವ ನೋಟು ನುಂಗಿಸಿತು.

ಅಪ್ಪ ಬ್ಯಾಂಕಿನ ಸಾಲ ಮಾಡಿ ಒಂದು ಸೀಮೆ ಹಸು ತಂದಿದ್ದ. ಕಪ್ಪು ಬಿಳಿ ಮಚ್ಚೆಯ ಗೌರಿ. ಸಾಲದ ಕಂತು, ಬೂಸ, ಹಿಂಡಿ, ನನ್ನ ನೋಟ್‌ಬುಕ್ಕು ಎಲ್ಲವೂ ಅದರ ಕೆಚ್ಚಲಿನಿಂದಲೇ ಹುಟ್ಟಬೇಕು. ನನ್ನ ಅಜ್ಜಿಯ ಅಪ್ಪಣೆಯಾಗಿತ್ತು: ಸಾಲ ತೀರುವವರೆಗೂ ಒಂದು ತೊಟ್ಟು ಹಾಲೂ ಮನೆಯಲ್ಲಿ ಉಳಿಯಕೂಡದು. ಅಜ್ಜಿ ಕೆಟ್ಟವಳಲ್ಲ. ಸಾಲಕ್ಕೆ ಒಂದು ಹೊಲ ಹೋಗಿದ್ದನ್ನು ಕಣ್ಣಾರೆ ಕಂಡವಳು. ಮನೆಯಲ್ಲಿ ನಾವು ಕುಡಿಯುತ್ತಿದ್ದದ್ದು ಬೆಲ್ಲದ ಕರಿ ಕಾಫಿ. ನಮ್ಮೊಬ್ಬರ ಮನೆಯ ಕಥೆಯಲ್ಲ ಇದು. ಕೊಟ್ಟಿಗೆಯಲ್ಲಿ ಹಸು ಕಟ್ಟಿದ್ದ ಮನೆಗಳ ಮಕ್ಕಳೇ ಹಾಲಿನ ರುಚಿ ಮರೆಯುತ್ತಿದ್ದ ಕಾಲ ಅದು. ಡೈರಿ ತಂದ ಒಳ್ಳೆಯದರ ಜೊತೆಗೆ ಹೀಗೂ ಒಂದು ಆಗುತ್ತಿತ್ತೆಂದು ಹೇಳದಿದ್ದರೆ ನನ್ನ ಮಾತು ಅರೆ ಸತ್ಯವಾಗುತ್ತದೆ.

ತೊಂದರೆ ಶುರುವಾದದ್ದು ಫ್ಯಾಟಿನಿಂದ. ಹಾಲಿನ ಬೆಲೆ ಅಳತೆಯ ಮೇಲೆ ಮಾತ್ರವಲ್ಲ, ಅದರಲ್ಲಿನ ಜಿಡ್ಡಿನ ಮೇಲೂ ನಿಲ್ಲುತ್ತದೆ. ಹಸುವಿನ ಹಾಲಿಗೆ ಮೂರೂವರೆ ಬರಬೇಕು. ಅವ್ವನ ಕಾರ್ಡಿನಲ್ಲಿ ವಾರಗಟ್ಟಲೆ 2.7, 2.8. ಅದೇ ಮೇವು ತಿನ್ನುವ ಪಕ್ಕದ ಮನೆ ಹಸುವಿಗೆ 3.7. ಅವ್ವನೊಬ್ಬಳದೇ ದೂರಲ್ಲ, ನಾಲ್ಕಾರು ಹೆಂಗಸರದೂ ಅದೇ ಗೋಳು. ಊರಲ್ಲಿ ಗುಸುಗುಸು ಎದ್ದಿತು. ಮೆಷಿನ್ನಲ್ಲಿ ಸುತ್ತಿಸಿ ಕೆನೆ ಎಳಕೊಂತಾರೆ ಎಂದು ಕೆಲವರು. ಟೆಸ್ಟರು ತನಗೆ ಬೇಕಾದವರಿಗೆ ಜಾಸ್ತಿ ಬರಕೊಂತಾನೆ ಎಂದು ಕೆಲವರು. ಟೆಸ್ಟರು ಎಸ್ಸೆಸ್ಸೆಲ್ಸಿ ಮುಗಿಸಿ, ಹಾಲು ಪರೀಕ್ಷೆಯ ತರಬೇತಿ ಪಡೆದು ಬಂದಿದ್ದ ಕೆಳಗಿನ ಕೇರಿಯ ಹುಡುಗ. ನಾವು ಮಕ್ಕಳು ಅವನನ್ನು ಟೆಸ್ಟರಣ್ಣ ಎನ್ನುತ್ತಿದ್ದೆವು.

ಒಂದು ಬಟವಾಡೆಯ ದಿನ ಮಾತಿಗೆ ಮಾತು ಬೆಳೆಯಿತು. ಅವನು ಜಗಳಕ್ಕೆ ನಿಲ್ಲಲಿಲ್ಲ. "ನಾಳೆ ಸಾಯಂಕಾಲ ಎಲ್ಲಾರೂ ಬನ್ನಿ. ಬಾಗ್ಲು ಹಾಕ್ಕೊಂಡು ಮಾಡೋ ಕೆಲ್ಸ ಅಲ್ಲ ಇದು. ಬೀದೀಲೇ ಮಾಡಿ ತೋರುಸ್ತೀನಿ," ಅಂದ.

ಮಾರನೆಯ ಸಂಜೆ ಗುಡಿಯ ಮುಂದೆ ಜಾತ್ರೆಯಂತೆ ಜನ. ಗ್ಯಾಸ್‌ಲೈಟು ಹಚ್ಚಿ ನೇತುಹಾಕಿದ್ದರು. ಮೇಜು ಹೊರಗೆ ಬಂದಿತ್ತು. ಪಟೇಲರ ಮನೆಯ ಎಮ್ಮೆ ಹಾಲು ಒಂದು ಲೋಟದಲ್ಲಿ. ಅದೇ ಹಾಲಿಗೆ ಎಲ್ಲರೆದುರೇ ಸಮನಾಗಿ ನೀರು ಬೆರೆಸಿ ಇನ್ನೊಂದು ಲೋಟದಲ್ಲಿ. ಮೂರನೆಯದು ಅವ್ವ ಆಗಷ್ಟೇ ತಂದ ಹಾಲು.

ಮೊದಲು ಲ್ಯಾಕ್ಟೋಮೀಟರ್ ಬಿಟ್ಟ. ನೀರು ಬೆರೆತ ಹಾಲಲ್ಲಿ ಅದು ಮುಳುಗಿಹೋಯಿತು. ಅವ್ವನ ಹಾಲಲ್ಲಿ 28ಕ್ಕೆ ನೆಟ್ಟಗೆ ನಿಂತಿತು. "ಅಕ್ಕ ನೀರು ಹಾಕಿಲ್ಲ," ಎಂದು ಅವನು ಗಟ್ಟಿಯಾಗಿ ಹೇಳಿದ. ಅವ್ವನ ಭುಜ ಇಳಿದದ್ದು ನನಗೆ ಕಂಡಿತು. ಆಮೇಲೆ ಅವನು ವಿವರಿಸಿದ ಮಾತನ್ನು ನಾನು ಇವತ್ತಿಗೂ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ: ನೀರು ಹಾಕಿದರೆ ಈ ಬುರುಡೆ ಮುಳುಗುತ್ತದೆ, ಕೆನೆ ತೆಗೆದರೆ ಮೇಲೇಳುತ್ತದೆ. ಕೆನೆ ತೆಗೆದು ನೀರೂ ಹಾಕಿದರೆ ಏನೂ ಆಗದ ಹಾಗೆ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಅದಕ್ಕೇ ಇದೊಂದನ್ನೇ ನಂಬಬಾರದು, ಫ್ಯಾಟು ನೋಡಬೇಕು.

ಗಾಜಿನ ಬ್ಯುಟಿರೋಮೀಟರನ್ನು ಅಂದು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಒಂದು ಕಡೆ ದಪ್ಪ ಹೊಟ್ಟೆ, ಇನ್ನೊಂದು ಕಡೆ ಗೆರೆ ಎಳೆದ ಸಣ್ಣ ಕತ್ತು. ಮೊದಲು 10 ಮಿಲಿಲೀಟರ್ ಸಲ್ಫ್ಯೂರಿಕ್ ಆ್ಯಸಿಡ್. ಮಕ್ಕಳನ್ನೆಲ್ಲ ಹಿಂದಕ್ಕೆ ಸರಿಸಿದ. ಅದರ ಮೇಲೆ, ಗಾಜಿನ ಗೋಡೆಗೆ ತಾಗಿಸಿ ಮೆಲ್ಲಗೆ 10.75 ಮಿಲಿಲೀಟರ್ ಹಾಲು. ಕಪ್ಪು ನೆಲದ ಮೇಲೆ ಬಿಳಿ ಬಟ್ಟೆ ಹಾಸಿದಂತೆ ಎರಡೂ ಬೇರೆ ಬೇರೆಯಾಗಿ ನಿಂತವು. ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ರಬ್ಬರ್ ಬಿರಡೆ ಒತ್ತಿ, ಬಟ್ಟೆಯಲ್ಲಿ ಸುತ್ತಿ ಅಲುಗಾಡಿಸಿದ. ಹಾಲು ಕಂದಿ, ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತು. "ಮುಟ್ಟಿ ನೋಡಿ," ಅಂತ ಬಟ್ಟೆ ಸಮೇತ ಪಟೇಲರ ಕೈಗೆ ಕೊಟ್ಟ. ಅವರು ಬಿಸಿಗೆ ಕೈ ಹಿಂದೆಗೆದರು. ಆಮೇಲೆ ಎಲ್ಲವನ್ನೂ ಮೆಷಿನ್ನಿಗೆ ಸಿಕ್ಕಿಸಿ ಐದು ನಿಮಿಷ ಹಿಡಿ ತಿರುಗಿಸಿದ. ಅದರ ಗುಂಯ್‌ಗುಡುವ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ. ಬಿಸಿನೀರಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿ, ಲೈಟಿಗೆ ಎತ್ತಿ ಹಿಡಿದಾಗ ಕತ್ತಿನೊಳಗೆ ಹೊನ್ನಿನ ಬಣ್ಣದ ಒಂದು ಗೆರೆ ನಿಂತಿತ್ತು. ಅದೇ ಜಿಡ್ಡು. ಓದು ಬಲ್ಲವರೆಲ್ಲ ಒಬ್ಬೊಬ್ಬರಾಗಿ ಬಂದು ಓದಿದರು. ಎಮ್ಮೆಯದು ಏಳರ ಹತ್ತಿರ. ನೀರು ಬೆರೆತದ್ದು ಅದರ ಅರ್ಧ. ಅವ್ವನದು 2.7.

ಅಂದರೆ ಮೆಷಿನ್ ಸರಿಯಿದೆ, ಟೆಸ್ಟರೂ ಸರಿಯಿದ್ದಾನೆ. ಹಾಲಿಗೆ ನೀರೂ ಹಾಕಿಲ್ಲ. ಹಾಗಾದರೆ ಜಿಡ್ಡೆಲ್ಲಿ? ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಅಕ್ಕ, ಹಸ ಪೂರ್ತಿ ಕರೀತೀರಾ?" ಅವ್ವ ಸೆರಗು ಬಾಯಿಗೊತ್ತಿ ಸುಮ್ಮನೆ ನಿಂತಳು. "ಬೆಳಿಗ್ಗೆ ನಾನೇ ಬಂದು ನೋಡ್ತೀನಿ ಬುಡಿ," ಎಂದ.

ಬೆಳಿಗ್ಗೆ ಅವನೊಬ್ಬನೇ ಬರಲಿಲ್ಲ, ಅರ್ಧ ಊರೇ ಬಂತು. ಅಷ್ಟು ಜನ ಕೊಟ್ಟಿಗೆಗೆ ನುಗ್ಗಿದರೆ ಗೌರಿ ತೊರೆ ಬಿಡುತ್ತದೆಯೇ? ಕಿವಿ ನಿಗುರಿಸಿ, ಕಾಲು ಝಾಡಿಸಿ, ಕೆಚ್ಚಲು ಬಿಗಿಹಿಡಿದು ನಿಂತಿತು. ಹೆದರಿದ ಹಸು ಹಾಲು ಇಳಿಸುವುದಿಲ್ಲ ಎಂದು ಹೇಳಿ ಅವನು ಎಲ್ಲರನ್ನೂ ಜಗಲಿಗೆ ಕಳಿಸಿದ. ಅದೂ ಒಂದು ಪಾಠವೇ ಆಯಿತು. ಒಳಗೆ ಉಳಿದವರು ಅವನು, ಅವ್ವ, ಅಜ್ಜಿ, ಬಾಗಿಲ ಮರೆಯಲ್ಲಿ ನಾನು.

ಅವ್ವ ಬಿಸಿನೀರಲ್ಲಿ ಕೆಚ್ಚಲು ತೊಳೆದಳು. ಕರುವನ್ನು ಒಂದು ಗಳಿಗೆ ಬಿಟ್ಟು ಎಳೆದು ಕಟ್ಟಿದಳು. ಬೆಣ್ಣೆ ಮುಟ್ಟಿದ ಬೆರಳುಗಳಿಂದ ಕರೆಯತೊಡಗಿದಳು. ಹಾಲು ನೊರೆಯಾಗಿ ಏರಿತು. ಬಕೆಟ್ಟು ತುಂಬುತ್ತಾ ಬಂದಾಗ, ಅಭ್ಯಾಸಬಲದಿಂದ ಇರಬೇಕು, ಅವಳ ಎಡಗೈ ಗೋಡೆಯ ಗೂಡಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಟೆಸ್ಟರಣ್ಣ ನೋಡಿದ. ಗೂಡಿನಲ್ಲಿ ಒಂದು ಹಿತ್ತಾಳೆ ಗಿಂಡಿ. ಅದನ್ನು ತೆಗೆದು ತಾನೇ ಅವಳ ಕೈಗೆ ಕೊಟ್ಟ. "ಕಡೇದು ಇದ್ರಲ್ಲಿ ಕರೀರಿ ಅಕ್ಕ." ಬೇರೆ ಏನೂ ಕೇಳಲಿಲ್ಲ.

ಗಿಂಡಿಯ ಗುಟ್ಟು ನನಗೊಬ್ಬನಿಗೆ ಗೊತ್ತಿತ್ತು. ದಿನಾ ಅದನ್ನು ಸೆರಗಿನಡಿ ಒಳಗೆ ತಂದು, ಅಜ್ಜಿ ಹಿತ್ತಲಿಗೆ ಹೋದಾಗ ಅವ್ವ ತಂಗಿಗೆ ಕುಡಿಸುತ್ತಿದ್ದಳು. ಬಾಗಿಲು ಕಾಯುವ ಕೆಲಸ ನನ್ನದು.

ಎರಡನ್ನೂ ಗುಡಿಯ ಮುಂದೆ ಒಯ್ದು ಬೇರೆ ಬೇರೆ ಪರೀಕ್ಷೆ ಮಾಡಿದ. ಮೊದಲು ಕರೆದ ಹಾಲು ಅದೇ 2.7. ಕಡೇ ಗಿಂಡಿಯದು ಆರು ದಾಟಿತ್ತು. ಜನ ನಂಬಲಿಲ್ಲ, ಮತ್ತೆ ಮಾಡಿಸಿದರು. ಅದೇ ಬಂತು. ಅವನು ಹೇಳಿದ: ಕೆಚ್ಚಲಿನಿಂದ ಮೊದಲು ಇಳಿಯುವುದು ತೆಳು ಹಾಲು, ಜಿಡ್ಡು ಕೊನೆಗೆ ಇಳಿಯುತ್ತದೆ. ಅವಸರಕ್ಕೆ ಅರ್ಧ ಕರೆದು ಎದ್ದರೆ, ಉಳಿದದ್ದನ್ನೆಲ್ಲ ಕರುವಿಗೇ ಬಿಟ್ಟರೆ ಫ್ಯಾಟು ಬರುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಬಾವೂ ಬರಬಹುದು. ಫ್ಯಾಟು ಬರುತ್ತಿಲ್ಲವೆಂದು ಗೋಳಾಡುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಾರೋ ಕೇಳಿಯೇಬಿಟ್ಟರು: "ಮತ್ತೆ ಆ ಗಿಂಡಿ ಹಾಲು ದಿನಾ ಎಲ್ಲಿಗ್ ಹೋಯ್ತಿತ್ತವ್ವಾ?"

ಅವ್ವ ಅಜ್ಜಿಯ ಕಡೆ ನೋಡಿದಳು. "ಮಗೀಗೆ," ಅಂದಳು. "ಕಾಲು ನಿಲ್ತಿಲ್ಲ ಅದ್ಕೆ."

ಪರೀಕ್ಷೆಗೆ ಹೋದದ್ದು ಎರಡು ಚಮಚದಷ್ಟು ಹಾಲು. ಮಿಕ್ಕಿದ್ದೆಲ್ಲ ಗಿಂಡಿಯಲ್ಲೇ ಇತ್ತು. ಅಜ್ಜಿ ಎದ್ದು ಮೇಜಿನ ಹತ್ತಿರ ಹೋದಳು. ಗಿಂಡಿ ಎತ್ತಿಕೊಂಡು ಸೀದಾ ನನ್ನ ಹತ್ತಿರ ಬಂದು, ನನ್ನ ಸೊಂಟದ ಮೇಲಿದ್ದ ತಂಗಿಯನ್ನು ಎಳೆದುಕೊಂಡು, ಊರೆಲ್ಲ ನೋಡುತ್ತಿರುವಾಗಲೇ ಕುಡಿಸಿದಳು. ಅವಳ ಕೈ ನಡುಗಿ ಹಾಲು ಕೂಸಿನ ಗಲ್ಲದ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿದಳು. "ನಮ್ಮನೆ ಕೂಸು ಕುಡೀದಿರೋ ಹಾಲ ಪ್ಯಾಟೆಯೋರಿಗೆ ಕುಡೀರಿ ಅಂತ ಯಾವ್ ಬಾಯಲ್ಲಿ ಹೇಳದು," ಅಂದದ್ದು ಯಾರಿಗೂ ಹೇಳಿದ ಮಾತಲ್ಲ, ತನಗೆ ತಾನೇ ಅಂದುಕೊಂಡದ್ದು. ಆದರೆ ಎಲ್ಲರಿಗೂ ಕೇಳಿಸಿತು.

ಟೆಸ್ಟರಣ್ಣ ಲೆಕ್ಕದ ಮಾತೂ ಹೇಳಿದ. ಕಡೇ ಹಾಲನ್ನೇ ಬೇರೆ ತೆಗೆಯಬೇಡಿ. ಪೂರ್ತಿ ಕರೆದು, ಕಲೆಸಿ, ಆಮೇಲೆ ಮಗುವಿಗೆ ಒಂದು ಲೋಟ ಎತ್ತಿಟ್ಟು ಉಳಿದದ್ದು ಡೈರಿಗೆ ಹಾಕಿ. ಮಗುವಿಗೂ ಸಾಕಾಗುತ್ತದೆ, ಕಾರ್ಡಿನಲ್ಲೂ ಫ್ಯಾಟು ಬರುತ್ತದೆ. ಹಾಗೇ ಆಯಿತು. ಮುಂದಿನ ಬಟವಾಡೆಗೆ ಅವ್ವನ ಕಾರ್ಡಿನಲ್ಲಿ 3.6 ಇತ್ತು, ಒಂದು ಲೋಟ ಹಾಲು ಕಮ್ಮಿಯಾದರೂ ದುಡ್ಡು ಕಮ್ಮಿಯಾಗಲಿಲ್ಲ. ಊರಲ್ಲಿ ಬೇರೆ ಮನೆಗಳವರೂ ಒಂದೊಂದು ಲೋಟ ಉಳಿಸಿಕೊಂಡು ಆ ವಾರ ಕ್ಯಾನು ಕಂಠದವರೆಗೆ ತುಂಬಲಿಲ್ಲ. ಸೆಕ್ರೆಟರಿಗೆ ಕಳವಳ. ಆಡಳಿತ ಮಂಡಳಿ ಕೂತು ಮಾತಾಡಿತು. ಸಂಘದ ಅಧ್ಯಕ್ಷರು ಹೆಚ್ಚು ಮಾತಿನವರಲ್ಲ. "ಮಕ್ಳು ಕುಡೀಲಿ, ಹಸುಗೆ ಹಸಿ ಮೇವು ಬೆಳ್ಕಳ್ಳಿ, ಹಾಲು ತಾನೇ ಏರ್ತದೆ," ಎಂದು ಮೇವಿನ ಬೀಜ ತರಿಸಿದರು.

ಬೀದಿಯ ಪರೀಕ್ಷೆ ಅಲ್ಲಿಗೇ ನಿಲ್ಲಲಿಲ್ಲ. ಟೆಸ್ಟರಣ್ಣ ತನ್ನ ಸಾಮಾನು ಹೊತ್ತು ನಮ್ಮ ಶಾಲೆಗೆ ಬಂದ, ಪಕ್ಕದ ಊರಿನ ಜಾತ್ರೆಗೆ ಹೋದ. ಹಾಲಿಗೆ ಹಿಟ್ಟು ಬೆರೆಸಿ, ಒಂದು ತೊಟ್ಟು ಅಯೋಡಿನ್ ಬಿಟ್ಟು ಅದು ನೀಲಿಯಾಗುವುದನ್ನು ತೋರಿಸುವಾಗ ಮಕ್ಕಳಿಗಿಂತ ದೊಡ್ಡವರೇ ಮುಂದೆ ನುಗ್ಗುತ್ತಿದ್ದರು. ಷಷ್ಠಿಯ ದಿನ ಹುತ್ತಕ್ಕೆ ತನಿ ಎರೆಯುವ ಹೆಂಗಸರು ಒಂದು ಉದ್ಧರಣೆಯಷ್ಟು ಎರೆದು, ಮಿಕ್ಕಿದ್ದನ್ನು ಅಲ್ಲೇ ಕಾಯಿಸಿ ಕೇರಿಯ ಮಕ್ಕಳಿಗೆ ಹಂಚುವುದನ್ನು ಅವ್ವನೇ ಮೊದಲು ಮಾಡಿದಳು.

ಬಹಳ ವರ್ಷಗಳ ಮೇಲೆ ಶ್ಯಾಮ್ ಬೆನಗಲ್ ಅವರ 'ಮಂಥನ್' ನೋಡಿದೆ. 1976ರ ಚಿತ್ರ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ್ದು. ಹಳ್ಳಿಯಲ್ಲಿ ಸಂಘ ಕಟ್ಟಲು ಬರುವ ಪಶುವೈದ್ಯನಾಗಿ ನಮ್ಮ ಗಿರೀಶ ಕಾರ್ನಾಡರು. ತಮ್ಮ ಕಥೆಯನ್ನು ದೇಶಕ್ಕೆ ಹೇಳಲು ರೈತರೇ ದುಡ್ಡು ಕೂಡಿಸಿದರಲ್ಲ ಎಂದು ನೆನೆದು ನನಗೆ ಕಣ್ಣು ಒದ್ದೆಯಾಯಿತು. ನಮ್ಮೂರ ಗುಡಿಯ ಮುಂದಿನ ಆ ಗ್ಯಾಸ್‌ಲೈಟೂ ನೆನಪಾಯಿತು.

2013ರ ಆಗಸ್ಟ್ 1ರಂದು ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯ ಶುರುವಾದಾಗ ನಾನು ಮೇಷ್ಟ್ರು. ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಮೊದಲ ವಾರ ನಮ್ಮ ಶಾಲೆಯ ಎಷ್ಟೋ ಮಕ್ಕಳು ವಾಸನೆ ಎಂದು ಮುಖ ಸಿಂಡರಿಸಿದರು. ಅವ್ವ ಆಗಿನ್ನೂ ಇದ್ದಳು. ಒಂದು ಬೆಳಿಗ್ಗೆ ಶಾಲೆಗೆ ಬಂದು, ಮಕ್ಕಳ ಸಾಲಲ್ಲಿ ಚಕ್ಕಳಮಕ್ಕಳ ಕೂತು, ಒಂದು ಲೋಟ ಇಸಕೊಂಡು ಕುಡಿದಳು. ಕುಡಿದು, ಪಕ್ಕದ ಹುಡುಗನ ಲೋಟ ಬಗ್ಗಿ ನೋಡಿದಳು. ಅವನೂ ಕುಡಿದ.

ಇಷ್ಟು ಹೇಳುವಷ್ಟರಲ್ಲಿ ಮಟ್ಟೆ ಉರಿದು ಕೆಂಡವಾಗಿತ್ತು. ತಂಗಿ ಈಗ ಮೂರು ಹಸು ಕಟ್ಟಿದ್ದಾಳೆ. ಅಷ್ಟು ಹೊತ್ತೂ ಮಾತಾಡದೆ ಕೆಂಡ ಕೆದಕುತ್ತಿದ್ದವಳು ಹೇಳಿದಳು: "ನಂಗೇನೂ ಗ್ಯಾಪ್ಕ ಇಲ್ಲ ಕಣಣ್ಣ. ಗಿಂಡಿ ಒಂದ್ ಗ್ಯಾಪ್ಕ ಐತೆ. ತಳದಲ್ಲಿ ಒಂದ್ ತಗ್ಗಿತ್ತು."

"ಈಗ ಎಲ್ಲೈತೆ?" ಅಂದಳು ಮಗಳು.

"ಕೊಟ್ಟಿಗೆ ಗೂಡಲ್ಲೇ. ಕೆಚ್ಚಲಿಗೆ ಸವರೋ ಹರಳೆಣ್ಣೆ ಇಟ್ಟಿವ್ನಿ ಅದ್ರಲ್ಲಿ."

ಹುಡುಗಿ ಟಾರ್ಚು ತಗೊಂಡು ಚಳಿಯಲ್ಲೇ ಕೊಟ್ಟಿಗೆ ಕಡೆ ಓಡಿದಳು.