ಕಿಳ್ಳೇಕ್ಯಾತನಿಗೆ, ರಾಮಸಮುದ್ರದಿಂದ

ಕ್ಯಾತಣ್ಣಾ,

ನಿನ್ನ ವಿಳಾಸ ಗೊತ್ತಿದ್ದವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಅದಕ್ಕೇ ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ. ಓದಿದವರಲ್ಲಿ ಯಾರಿಗಾದರೂ ನೀನು ಸಿಕ್ಕರೆ ಈ ಪತ್ರ ಓದಿ ಹೇಳಲಿ. ಬಂಗಾರಕ್ಕನಿಗೂ ಕೇಳಿಸಲಿ.

ನೀನು ಯಾರೆಂದು ಕೇಳುವ ಹುಡುಗರೇ ಈಗ ಹೆಚ್ಚು. ಅವರಿಗೆ ಮೊದಲು ಹೇಳಿಬಿಡುತ್ತೇನೆ. ತೊಗಲುಗೊಂಬೆಯಾಟದಲ್ಲಿ ಗಣಪತಿ, ಶಾರದೆಯರ ಸ್ತುತಿ ಮುಗಿಯುತ್ತಲೇ ಪರದೆಗೆ ನುಗ್ಗುವವನು ಕಿಳ್ಳೇಕ್ಯಾತ. ಕಪ್ಪು ಮೈ, ಕೆದರಿದ ಕೂದಲು, ದಪ್ಪ ತುಟಿ, ಮುಂದೆ ಬಂದ ಹೊಟ್ಟೆ, ಸೊಟ್ಟ ಕೈಕಾಲು. ಬೆನ್ನಿಗೇ ಬೈಯುತ್ತ ಬರುವವಳು ಅವನ ಹೆಂಡತಿ ಬಂಗಾರಕ್ಕ. ವಾಲ್ಮೀಕಿಯ ರಾಮಾಯಣದಲ್ಲಿ ಹುಡುಕಿದರೆ ಇವರು ಸಿಗುವುದಿಲ್ಲ, ವ್ಯಾಸರ ಭಾರತದಲ್ಲೂ ಇಲ್ಲ. ಆದರೂ ಅಯೋಧ್ಯೆಗೆ, ಲಂಕೆಗೆ, ಕುರುಕ್ಷೇತ್ರಕ್ಕೆ ಕೇಳದೆ ಹೋಗಿಬರುವ ಹಕ್ಕು ಇವರಿಬ್ಬರಿಗೇ ಇದ್ದದ್ದು.

ನಿನ್ನನ್ನು ನಾನು ಮೊದಲು ಕಂಡದ್ದು ಮುತ್ಯಾನ ಮಾತಿನಲ್ಲಿ. "ರಾಮ ಬಂದಾಗ ಕೈ ಮುಗೀತಿದ್ದಿವಿ, ಕ್ಯಾತ ಬಂದಾಗ ಎದ್ದು ಕುಂದರ್ತಿದ್ದಿವಿ" ಅನ್ನುತ್ತಿದ್ದ. ಲಂಕೆ ಧಗಧಗ ಉರಿಯುವಾಗ ನೀನು ಹನುಮಂತನ ಹಿಂದೆ ಓಡುತ್ತ, "ಏ ಹಣಮಪ್ಪಾ, ಹ್ಯಾಂಗೂ ಊರೆಲ್ಲಾ ಸುಡಕತ್ತಿ, ನನ್ನ ಬೀಡಿಗೂ ಒಂದೀಟು ಬೆಂಕಿ ಕೊಡು" ಎಂದು ಗೋಗರೆದದ್ದನ್ನು ಅವನು ಹೇಳುವಾಗ ಹಲ್ಲಿಲ್ಲದ ಬಾಯಿ ತುಂಬ ನಗೆ. ಇನ್ನೊಂದು ಮಾತನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದ. ಆಗ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಊರಿಗೊಬ್ಬ ಮಾಲಿಪಾಟೀಲ, ಒಬ್ಬ ಪೊಲೀಸ್ ಪಾಟೀಲ. ಆಟ ನೋಡಲು ಮುಂದೆ ಚಾಪೆ ಹಾಸಿ ಕೂತವರೂ ಅವರೇ. ನೀನು ರಾವಣನ ಬಾಗಿಲು ಕಾಯುವವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಮೀಸಿ ಎಲ್ಲ್ಯೋ ನೋಡೀನಲ್ಲ, ನಮ್ಮ ಪಾಟೀಲ್ರಿಗೆ ನೀ ಏನಾಗಬೇಕಪಾ?" ಎಂದು ಕೇಳಿದೆಯಂತೆ. ಬಯಲೆಲ್ಲ ಗಪ್ಪಾಯಿತಂತೆ. ಆಮೇಲೆ ಮೊದಲು ನಕ್ಕವನು ಪಾಟೀಲನೇ ಅಂತೆ. ನಗದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಆ ರಾತ್ರಿ ನಿನ್ನ ಮೇಲೆ ಸಿಟ್ಟಾದವನು ಊರಿನ ಕಣ್ಣಲ್ಲಿ ಸಣ್ಣವನಾಗುತ್ತಿದ್ದ.

ಇದನ್ನು ನಾನು ಸಲುಗೆ ಎಂದು ಕರೆಯುತ್ತೇನೆ. ನಿನ್ನ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದೇ ಎಂದು ನನ್ನ ನಂಬಿಕೆ.

ನಿನ್ನ ಮೈಯಲ್ಲೇ ಈ ಸಲುಗೆ ಬರೆದಿತ್ತು. ತೊಗಲುಗೊಂಬೆ ಮಾಡುವವರು ಮೇಕೆಯ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ ಒಣಗಿಸುತ್ತಾರೆ. ಗೆರೆ ಎಳೆದು, ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ತುಂಬುತ್ತಾರೆ. ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೇ ಕಿರೀಟದ ಹರಳು, ಸೆರಗಿನ ಅಂಚು. ನಮ್ಮ ನಾಡಿನ ಗೊಂಬೆಗಳಲ್ಲಿ ರಾಮ ಸೀತೆಯರು ಎಷ್ಟೋ ಸಲ ಸಿಂಹಾಸನದ ಸಮೇತ ಒಂದೇ ತೊಗಲಿನಲ್ಲಿ ಕೂತಿರುತ್ತಾರೆ. ಕೂತರೆ ಕೂತರು, ಅಲುಗುವ ಹಾಗಿಲ್ಲ. ದೊರೆಗಳ ಗೊಂಬೆ ದೊಡ್ಡದು, ಆಳುಗಳ ಗೊಂಬೆ ಚಿಕ್ಕದು. ನಿನ್ನ ಮೈ ಮಾತ್ರ ತುಂಡು ತುಂಡು. ಕೈ ಬೇರೆ, ಕಾಲು ಬೇರೆ, ಕೀಲು ಕೀಲಿಗೂ ದಾರದ ಗಂಟು. ಆಡಿಸುವವನು ಬಿದಿರು ಕಡ್ಡಿಯನ್ನು ಬೆರಳ ತುದಿಯಲ್ಲಿ ಒಂದಿಷ್ಟು ತಿರುವಿದರೆ ನೀನು ಕುಣಿದೆ, ಬಿದ್ದೆ, ಬಂಗಾರಕ್ಕನ ಏಟು ತಿಂದು ಎದ್ದೆ. ದೇವರಿಗೆ ಕೊಡದ ಕೀಲನ್ನು ನಿನಗೆ ಕೊಟ್ಟವರು ಸುಮ್ಮನೆ ಕೊಟ್ಟಿರಲಾರರು. ಇಲ್ಲಿಂದ ಅಷ್ಟು ದೂರವಿಲ್ಲದ ಸುರಪುರದ ಚಿತ್ರಕಾರರು ಚಿನ್ನದ ರೇಖೆಯಲ್ಲಿ ದೇವರನ್ನೂ ದೊರೆಗಳನ್ನೂ ಬರೆದರು. ಆ ಚಿತ್ರಗಳ ಚೆಲುವು ದೊಡ್ಡದು, ಆದರೆ ಅವುಗಳಲ್ಲಿ ಯಾರೂ ಎಡವಿ ಬೀಳುವುದಿಲ್ಲ.

ಕಥೆಗಳ ಪಾತ್ರಗಳನ್ನು ಜರಡಿ ಹಿಡಿದು ವಿಂಗಡಿಸಿದ ಪಂಡಿತರು ಬಹಳ ಇದ್ದಾರೆ, ಕ್ಯಾತಣ್ಣ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಾಯಾಕಥೆಗಳ ರಚನೆಯ ಬಗ್ಗೆ ಪುಸ್ತಕ ಬರೆದ. ಅವನ ಲೆಕ್ಕದಲ್ಲಿ ಅಂಥ ಕಥೆಯೊಳಗಿನ ಪಾತ್ರಗಳು ಏಳೇ ಬಗೆ: ಕೇಡಿಗ, ಮಾಯದ ವಸ್ತು ಕೊಡುವವ, ನೆರವಾಗುವವ, ರಾಜಕುಮಾರಿ, ಕಳಿಸಿಕೊಡುವವ, ವೀರ, ಸುಳ್ಳು ವೀರ. ನಮ್ಮ ಆಯಿ ಹೇಳುತ್ತಿದ್ದ ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವವಿಟ್ಟ ರಾಕ್ಷಸನಿಗೂ ಈ ಪಟ್ಟಿಯಲ್ಲಿ ಜಾಗವಿದೆ, ರಷ್ಯನ್ನರ ಕೊಶ್ಚೆಯ್‌ಗೂ ಇದೆ. ಅವನ ಸಾವು ಇರುವುದು ಸೂಜಿಯ ಮೊನೆಯಲ್ಲಿ, ಆ ಸೂಜಿ ಮೊಟ್ಟೆಯೊಳಗೆ, ಮೊಟ್ಟೆ ಬಾತುಕೋಳಿಯೊಳಗೆ. ನಮ್ಮ ರಾಕ್ಷಸನಿಗೂ ಅವನಿಗೂ ಒಂದೇ ಅಂಜಿಕೆ, ಜೀವವನ್ನು ಮೈಯಲ್ಲಿ ಇಟ್ಟುಕೊಂಡರೆ ಯಾರಾದರೂ ಕಸಿದಾರು ಅಂತ. 1949ರಲ್ಲಿ ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ ವೀರನೊಬ್ಬನ ಹೋಗಿ ಬರುವ ದಾರಿಯನ್ನೇ ಎಲ್ಲ ಪುರಾಣಗಳ ಬೆನ್ನೆಲುಬು ಮಾಡಿದ. ಇವತ್ತಿನ ಸಿನೆಮಾ, ಮಕ್ಕಳ ಮೊಬೈಲ್ ಆಟ, ಫ್ಯಾಂಟಸಿ ಕಾದಂಬರಿಗಳು ಬಹಳ ಮಟ್ಟಿಗೆ ನಡೆಯುವುದು ಅದೇ ದಾರಿಯಲ್ಲಿ. ಪ್ರಾಪ್‌ನ ಏಳರಲ್ಲಿ ನಿನಗೆಂದು ಒಂದು ಪಾಲಿಲ್ಲ. ಕ್ಯಾಂಪ್‌ಬೆಲ್ಲನ ದಾರಿಯಲ್ಲಿ ನಡೆಯಲು ನಿನಗೆ ಕೆಲಸವಿಲ್ಲ, ನೀನು ಎಲ್ಲಿಗೂ ಹೊರಟವನೇ ಅಲ್ಲ. ವೀರ ದೂರ ದೇಶಕ್ಕೆ ಹೋಗಿ ಬರುವಷ್ಟರಲ್ಲಿ ನೀನು ಊರಲ್ಲೇ ಕೂತು ಅವನ ಮನೆಯ ಸಾಲ ಎಷ್ಟಾಯಿತೆಂದು ಲೆಕ್ಕ ಹೇಳುವವನು.

ನಿನ್ನ ಸಂಬಂಧಿಕರು ಬೇರೆ ಕಡೆ ಇದ್ದಾರೆ. ಅಮೆರಿಕದ ವಿನೆಬಾಗೊ ಮೂಲನಿವಾಸಿಗಳ ಕಥೆಗಳಲ್ಲಿ ಒಬ್ಬ ಕಿಲಾಡಿಯಿದ್ದಾನೆ. ಅವನ ಎಡಗೈಗೂ ಬಲಗೈಗೂ ಜಗಳ ಹತ್ತಿ, ಬಲಗೈಯ ಚಾಕುವಿನಿಂದ ಎಡಗೈಯನ್ನು ತಾನೇ ಕೊಯ್ದುಕೊಳ್ಳುತ್ತಾನೆ. ಪಾಲ್ ರಾಡಿನ್ 1956ರಲ್ಲಿ ಆ ಕಥೆಗಳ ಪುಸ್ತಕ ತಂದಾಗ ಕಾರ್ಲ್ ಯೂಂಗ್ ಅದಕ್ಕೊಂದು ಲೇಖನ ಬರೆದು, ಈ ಕಿಲಾಡಿ ಮನುಷ್ಯರೆಲ್ಲರ ಮನಸ್ಸಿನ ತಳದಲ್ಲಿರುವ ಹಳೆಯ ನೆರಳು ಎಂದ. ಜಾವಾ ದ್ವೀಪದ ಸೆಮಾರ್ ನಿನಗೆ ಇನ್ನೂ ಹತ್ತಿರದವನು. ಅಲ್ಲಿಯೂ ತೊಗಲುಗೊಂಬೆ, ಅಲ್ಲಿಯೂ ಪಾಂಡವರು. ಸೆಮಾರ್ ಅವರ ಮನೆಯ ಡೊಳ್ಳುಹೊಟ್ಟೆಯ ಆಳು. ಗಾರೆಂಗ್, ಪೆತ್ರುಕ್, ಬಾಗೊಂಗ್ ಎಂಬ ಮೂವರು ಮಕ್ಕಳನ್ನು ಕಟ್ಟಿಕೊಂಡು ನಡುರಾತ್ರಿಯ ಹೊತ್ತಿಗೆ ಪರದೆಗೆ ಬರುತ್ತಾನೆ, ಊರಿನ ಸುದ್ದಿ ಎತ್ತುತ್ತಾನೆ. ಅವನೂ ವ್ಯಾಸರ ಭಾರತದಲ್ಲಿಲ್ಲ. ಆದರೆ ಜಾವಾದವರ ನಂಬಿಕೆಯಲ್ಲಿ ಆ ಆಳು ನಿಜಕ್ಕೂ ದೇವರು, ಶಿವನಿಗೇ ಅಣ್ಣ. ಇದನ್ನು ಓದಿದ ದಿನ ನಿನ್ನ ಸಲುವಾಗಿ ನನಗೆ ಹೆಮ್ಮೆಯಾಯಿತು.

ತುರ್ಕಿಯ ಕಾರಾಗೋಜ್‌ನ ಕಥೆ ಕೇಳು. ಬುರ್ಸಾ ಪಟ್ಟಣದಲ್ಲಿ ಮಸೀದಿ ಕಟ್ಟುವಾಗ ಕಾರಾಗೋಜ್, ಹಾಜಿವಾತ್ ಎಂಬ ಇಬ್ಬರು ಕೆಲಸಗಾರರಿದ್ದರಂತೆ. ಇವರ ಹಾಸ್ಯಕ್ಕೆ ಮಂದಿಯೆಲ್ಲ ಕೆಲಸ ಬಿಟ್ಟು ನಿಲ್ಲುತ್ತಿದ್ದರು, ಕಟ್ಟಡ ಮೇಲೇಳಲಿಲ್ಲ. ಸುಲ್ತಾನ ಇಬ್ಬರನ್ನೂ ಕೊಲ್ಲಿಸಿದ. ಆಮೇಲೆ ಅವರನ್ನು ತೊಗಲಿನಲ್ಲಿ ಕತ್ತರಿಸಿ ಪರದೆಯ ಮೇಲೆ ಬದುಕಿಸಿದರು ಎನ್ನುವುದು ಐತಿಹ್ಯ. 19ನೇ ಶತಮಾನದಲ್ಲಿ ಒಟ್ಟೋಮನ್ ಸರ್ಕಾರ ಆ ಆಟದಲ್ಲಿ ರಾಜಕೀಯದ ಮಾತು ಆಡಕೂಡದೆಂದು ಬಾಯಿ ಕಟ್ಟಿತು. 2009ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಕಾರಾಗೋಜ್‌ನನ್ನು ಸೇರಿಸಿತು. ಗೊಂಬೆ ಉಳಿದಿದೆ, ಪಟ್ಟಿಯಲ್ಲಿ ಹೆಸರೂ ಇದೆ. ಮುಂದೆ ಕೂತ ಪಾಟೀಲನನ್ನು ಕೆಣಕುವ ಅನುಮತಿ ಒಮ್ಮೆ ಹೋದದ್ದು ಯುನೆಸ್ಕೊ ಕೊಟ್ಟರೆ ಬರುತ್ತದೆಯೇ?

ನೀನು ಮನುಷ್ಯನ ಮನಸ್ಸಿನ ತಳದಲ್ಲಿರುವವನಾದರೆ ನಿನಗೆ ಸಾವಿಲ್ಲ, ಕಾಣೆಯಾಗುವ ಭಯವೂ ಇಲ್ಲ. ಪಂಡಿತರ ಈ ಮಾತಿನಿಂದ ನನಗೆ ಸಮಾಧಾನವಿಲ್ಲ. ನೀನು ನಮ್ಮೂರಲ್ಲಿ ಇಲ್ಲ, ಅದು ಕಣ್ಣಿಗೆ ಕಾಣುವ ಸತ್ಯ. ಸೆಮಾರ್ ಜಾವಾದಲ್ಲಿ ಚೆನ್ನಾಗಿದ್ದರೆ ನಮಗೇನು ಬಂತು? ಗಡಿಯಾಚೆಯ ತೆಲುಗರ ತೋಲು ಬೊಮ್ಮಲಾಟದಲ್ಲಿ ಬಂಗಾರಕ್ಕ ಅದೇ ಹೆಸರಿನಿಂದ ಇದ್ದಾಳೆ, ಅಲ್ಲಿ ಅವಳ ಜೊತೆಗಾರ ಜುಟ್ಟು ಪೋಲಿಗಾಡು. ಅದರಿಂದಲೂ ನಮ್ಮ ಬಯಲು ತುಂಬುವುದಿಲ್ಲ. ನಮ್ಮ ಮಾತಿನಲ್ಲಿ ನಮ್ಮ ಪಾಟೀಲನನ್ನು ಬೈಯುವವನು ನೀನೊಬ್ಬನೇ ಇದ್ದೆ.

ನಿನ್ನನ್ನು ಆಡಿಸಿದವರ ಮಾತು ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಪೆಟ್ಟಿಗೆಯ ತುಂಬ ರಾಮ, ಕೃಷ್ಣ, ಭೀಮರನ್ನು ಹೊತ್ತು ಊರೂರು ತಿರುಗಿದ ಆ ಕುಟುಂಬಗಳನ್ನು ಜನ ಕರೆದದ್ದು ನಿನ್ನ ಹೆಸರಿನಿಂದ, ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು. ಮನೆಯಲ್ಲಿ ಮರಾಠಿಯ ಒಂದು ಬಗೆ ಆಡಿ, ಪರದೆಯ ಹಿಂದೆ ಕನ್ನಡದಲ್ಲಿ ರಾತ್ರಿಯಿಡೀ ಮಾತು ಕಟ್ಟಿದವರು. ಗಂಡ ಗೊಂಬೆ ಹಿಡಿದರೆ ಹೆಂಡತಿ ಸೀತೆಗೂ ಬಂಗಾರಕ್ಕನಿಗೂ ದನಿಯಾದಳು. ಮಳೆ ಹೋದ ವರ್ಷ ವಿರಾಟಪರ್ವ ಆಡಿಸಲು ಊರು ಅವರನ್ನು ಹುಡುಕಿಕೊಂಡು ಹೋಗುತ್ತಿತ್ತು. ಮಳೆ ಬಂದ ಮೇಲೆ ಅದೇ ಊರು ಅವರನ್ನು ಅಗಸಿಯ ಆಚೆಗೇ ಇಟ್ಟಿತು. ನೀನು ಪಾಟೀಲನನ್ನು ಬೈಯಬಹುದಿತ್ತು, ನಿನ್ನನ್ನು ಆಡಿಸಿದವನು ಹಗಲಿನಲ್ಲಿ ಅದೇ ಪಾಟೀಲನ ಕಟ್ಟೆ ಏರುವ ಹಾಗಿರಲಿಲ್ಲ. ನಾವು ಸಲುಗೆ ಕೊಟ್ಟದ್ದು ತೊಗಲಿಗೆ, ಅದನ್ನು ಹಿಡಿದ ಕೈಗೆ ಕೊಡಲಿಲ್ಲ. ಹೊಳೆದಂಡೆಯಲ್ಲಿ ಮೀನು ಹಿಡಿದು ಬದುಕು ಕಟ್ಟಿಕೊಂಡ ಆ ಮನೆಗಳ ಮಕ್ಕಳು ಪೆಟ್ಟಿಗೆ ತೆರೆಯಲು ಒಪ್ಪದಿದ್ದರೆ ತಪ್ಪು ಅವರದಲ್ಲ.

ಟೆಂಟ್ ಸಿನೆಮಾ ಬಂತು, ಟಿವಿ ಬಂತು ಎಂದು ಎಲ್ಲರೂ ಹೇಳುತ್ತಾರೆ, ಅದೂ ನಿಜ. ನಾರಾಯಣಪುರದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯನ್ನು ತಂದ ಮೇಲೆ ಮಳೆಗಾಗಿ ಆಟ ಆಡಿಸುವ ಜರೂರು ಆ ಕಡೆ ಕಡಿಮೆಯಾಗಿರಬೇಕು ಎಂದೂ ನನಗೆ ಅನ್ನಿಸುತ್ತದೆ. ನೀರು ಬಂದದ್ದು ಒಳ್ಳೆಯದೇ ಆಯಿತು. ನಿನ್ನನ್ನು ಕರೆಯಲು ನಮಗೆ ಬರಗಾಲವೇ ಬೇಕಾಗಿತ್ತು ಎಂಬುದಷ್ಟೇ ನನ್ನ ನೋವು.

ಎಲ್ಲ ಕಡೆಯೂ ನೀನು ಅಳಿದಿಲ್ಲ ಎಂಬುದು ಗೊತ್ತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಆ ತಾಯಿ ನಿನ್ನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ರಾಷ್ಟ್ರಪತಿ ಭವನಕ್ಕೆ ಹೋದರು. ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲುಗೊಂಬೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತಂದರು, 2023ರಲ್ಲಿ ತೀರಿಕೊಂಡರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ.ಎಸ್. ನಂಜುಂಡರಾವ್ ಹಳೆಯ ಗೊಂಬೆಗಳನ್ನು ಹುಡುಕಿ ಕಾಪಾಡಿದರು. ಇವರಿಗೆಲ್ಲ ನಾವು ಋಣಿಗಳು. ಆದರೂ ನೀನು ಬೇಕಾಗಿರುವುದು ಇಲ್ಲಿ. ನಮ್ಮ ದೊಡ್ಡಾಟದ ಸಾರಥಿ ಒಂದಿಷ್ಟು ನಿನ್ನ ಕೆಲಸ ಮಾಡುತ್ತಾನೆ, ವೇಷ ಕಟ್ಟಿ ಬಂದ ದೊರೆಯನ್ನು ನಿಲ್ಲಿಸಿ "ತಾವು ಯಾರು?" ಎಂದು ಕೇಳುತ್ತಾನೆ. ಆಟ ಕಟ್ಟುವ ಊರುಗಳೇ ಕಡಿಮೆಯಾದರೆ ಅವನಾದರೂ ಎಲ್ಲಿ ನಿಲ್ಲಬೇಕು?

ಈಗಿನ ಸುದ್ದಿ ಹೇಳುತ್ತೇನೆ. ತೊಗರಿ, ಹತ್ತಿ ಮುಗಿಯಿತೆಂದರೆ ನಮ್ಮ ಸುತ್ತಲಿನ ಊರು, ತಾಂಡಾಗಳಿಂದ ಗುಳೆ ಹೊರಡುತ್ತದೆ, ಬೆಂಗಳೂರಿಗೆ, ಪುಣೆಗೆ, ಮುಂಬೈಗೆ. ಬಸ್ಸಿನ ಮೇಲೆ ಬುಟ್ಟಿ, ಕೊಡ, ಹಾಸಿಗೆ ಸುರುಳಿ. ಮನೆಗೆ ಬೀಗ, ಕಟ್ಟೆಯ ಮೇಲೆ ಮುದುಕರು. ಈ ಹೊತ್ತಿನಲ್ಲಿ ಯಾರಾದರೂ ರಾಮನ ವನವಾಸ ಆಡಿದರೆ ನೀನು ಪರದೆಗೆ ಬಂದು ಏನು ಕೇಳುತ್ತಿದ್ದೆ ಎಂದು ನನಗೆ ಕೇಳಿಸಿದ ಹಾಗೇ ಆಗುತ್ತದೆ: "ಹದ್ನಾಕು ವರ್ಷ ಹೊಂಟೀಯಲ್ಲಪಾ ರಾಮಪ್ಪ, ಮೇಸ್ತ್ರಿ ಕಡಿಂದ ಮುಂಗಡ ಎಷ್ಟು ತಗೊಂಡಿ? ರೇಷನ್ ಕಾರ್ಡ್ ಯಾರ ಕೈಯಾಗ ಕೊಟ್ಟಿ? ತಮ್ಮನ್ನ ಸಾಲಿ ಬಿಡಿಸಿ ಯಾಕ ಕರಕೊಂಡು ಹೊಂಟಿ?" ಈ ಮೂರು ಪ್ರಶ್ನೆಗಳನ್ನು ನಮ್ಮೂರ ಬಯಲಿನಲ್ಲಿ, ಎಲ್ಲರೂ ಕೂತಿರುವಾಗ, ದೊಡ್ಡ ದನಿಯಲ್ಲಿ ಕೇಳುವವರು ಈಗ ಇಲ್ಲ. ಭಾಷಣದಲ್ಲಿ ಕೇಳಿದರೆ ಪಕ್ಷ ಯಾವುದು ಅನ್ನುತ್ತಾರೆ. ಮೊಬೈಲಿನಲ್ಲಿ ಬರೆದರೆ ಜಗಳ ಹತ್ತುತ್ತದೆ. ನೀನು ಕೇಳಿದರೆ ನಗುತ್ತಿದ್ದರು, ನಕ್ಕ ಮೇಲೆ ಮನೆಗೆ ಹೋಗಿ ಯೋಚನೆ ಮಾಡುತ್ತಿದ್ದರು.

ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಗುಳೆ ಹೋದವರಲ್ಲಿ ಎಷ್ಟೋ ಮಂದಿ ಆಗ ಊರಿಗೆ ಬರುತ್ತಾರೆ. ಜಾತ್ರೆ ಮುಗಿದ ಮರುದಿನ ಬಾ. ನಿನ್ನನ್ನು ಆಡಿಸುವವರಿಗೆ ಸಂಭಾವನೆ ಮೊದಲೇ ಕೊಡೋಣ, ಊಟ ಊರೊಳಗಿನ ಮನೆಯಲ್ಲಿ, ಎಲ್ಲರ ಸಾಲಿನಲ್ಲೇ. ಪರದೆಗೆ ಬಿಳಿ ಧೋತರ ಆಯಿಯ ಟ್ರಂಕಿನಲ್ಲಿದೆ. ಪಂಚಾಯಿತಿ ಸದಸ್ಯರು, ಗುತ್ತಿಗೆದಾರರು, ಮುಂಗಡ ಕೊಡುವ ಮೇಸ್ತ್ರಿಗಳು ಎಲ್ಲರನ್ನೂ ಮುಂದಿನ ಸಾಲಿನಲ್ಲೇ ಕೂಡಿಸುತ್ತೇವೆ. ಬರೆಯಲು ಬಂದವನು ನಾನು, ನನ್ನನ್ನೂ ಬಿಡಬೇಡ. ಬಂಗಾರಕ್ಕನಿಗೆ ಹೇಳು, ಊರಲ್ಲಿ ಈಗ ಮಹಿಳಾ ಸಂಘಗಳಿವೆ, ಸಾಲದ ವಾರದ ಕಂತು ಕಟ್ಟುವವರು ಹೆಂಗಸರೇ. ಅವರ ಪರವಾಗಿ ಕೇಳಬೇಕಾದದ್ದು ಅವಳಿಗೆ ನಿನಗಿಂತ ಹೆಚ್ಚು ಗೊತ್ತಿರುತ್ತದೆ. ಈ ಸಲ ಅವಳೇ ಮೊದಲು ಪರದೆಗೆ ಬರಲಿ.

ನಿನ್ನ ದಾರಿ ನೋಡುವ,
ರಾಮಸಮುದ್ರದವನು