ದುಂಬಿಯ ಋಣ

ಪ್ರೌಢಶಾಲೆಯ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ 2014ರಲ್ಲಿ ನಾನು ಮಾಗಡಿ ಸೀಮೆಯ ನನ್ನ ಹುಟ್ಟೂರಿಗೆ ಮರಳಿದೆ. ಮನೆಯ ಹಿಂದೆ ಹತ್ತು ಗುಂಟೆಯ ಹಿತ್ತಲು, ಅದರಾಚೆ ಗೋಮಾಳ, ಗೋಮಾಳದ ಅಂಚಿನಿಂದಲೇ ಏಳುವ ಕಲ್ಲುಗುಡ್ಡ. ಬಹುಕಾಲದಿಂದ ಪಾಳುಬಿದ್ದಿದ್ದ ಆ ಹಿತ್ತಲನ್ನು ನಂದನವನವನ್ನಾಗಿ ಮಾಡಬೇಕೆಂಬ ಹಂಬಲ ನನ್ನದು. ಕಳೆಯೆಂದು ಕಂಡುದಕ್ಕೆಲ್ಲ ಔಷಧಿ ಹೊಡೆಸಿದೆ. ಪೇಟೆಯ ನರ್ಸರಿಯಿಂದ ಕಾಗದದ ಹೂವಿನ ಬಳ್ಳಿ, ಸುತ್ತುದಳದ ದಾಸವಾಳ, ಹೆಸರೇ ನಾಲಗೆಗೆ ಹೊರಳದ ಪರದೇಶದ ಗಿಡಗಳನ್ನು ತಂದು ನೆಟ್ಟೆ. ನೋಡಿದವರೆಲ್ಲ ಭೇಷ್ ಎಂದರು.

ಅವ್ವ ಮಾತ್ರ ಏನೂ ಹೇಳಲಿಲ್ಲ. ಎಂಬತ್ತು ದಾಟಿದ ಆಕೆ ಪ್ರತಿದಿನ ಮಿಂದು, ಹಿತ್ತಲಿನಲ್ಲಿ ಬಾಗಿ ತುಂಬೆಯ ಹೂ ಬಿಡಿಸಿ ತಂದು ಇಷ್ಟಲಿಂಗಪೂಜೆಗೆ ಕೂರುವುದು ನನಗೆ ತಿಳಿವು ಬಂದಂದಿನಿಂದ ನಡೆದುಬಂದ ಪದ್ಧತಿ. ಆ ವರ್ಷದ ಶ್ರಾವಣದಲ್ಲಿ ಒಂದು ಬೆಳಗ್ಗೆ ಆಕೆಯ ತಟ್ಟೆಯಲ್ಲಿ ಹೂವಿರಲಿಲ್ಲ. ಏಕೆಂದು ಕೇಳಿದೆ. "ತುಂಬೆ ಇನ್ನೆಲ್ಲೈತಪ್ಪಾ? ಔಷಧಿ ಹೊಡೆಸಿದೆಯಲ್ಲ" ಎಂದು, ವಿಭೂತಿ ಪತ್ರೆಗಳಿಂದಲೇ ಪೂಜೆ ಮುಗಿಸಿದಳು. ಆ ಮಾತಿನಲ್ಲಿ ದೂರಿನ ದನಿ ಇರಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು.

ಅದೇ ಮಳೆಗಾಲದಲ್ಲಿ ಬೇಲಿಗೆ ಹಬ್ಬಿಸಿದ್ದ ಸಿಹಿಗುಂಬಳ ಹೇರಳವಾಗಿ ಹೂ ಬಿಟ್ಟಿತು. ಹೀಚುಗಳು ಮಾತ್ರ ಹಳದಿಗಟ್ಟಿ ಉದುರಿದವು. ಕುಂಬಳದಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆ ಬೇರೆ. ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚುವ ಆ ಹೂಗಳ ನಡುವೆ ಪರಾಗವನ್ನು ಹೊತ್ತೊಯ್ಯುವ ಜೇನು ಬಾರದಿದ್ದರೆ ಕಾಯಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪರಾಗಸ್ಪರ್ಶದ ಪಾಠ ಹೇಳಿದ ನನಗೆ, ನನ್ನ ಹಿತ್ತಲಿನಲ್ಲಿ ಜೇನಿನ ಸದ್ದೇ ಇಲ್ಲವೆಂಬುದು ಆಗ ಹೊಳೆಯಿತು.

ತಂದೆಯವರ ಕಾಲದಲ್ಲಿ ಜಗಲಿಯ ಪಕ್ಕ ಎರಡು ತುಡುವೆಜೇನಿನ ಪೆಟ್ಟಿಗೆಗಳಿದ್ದವು. 1991-92ರಲ್ಲಿ ದಕ್ಷಿಣ ಭಾರತದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಮರಿಹುಳುಗಳನ್ನು ಕೊಂದು, ನಾಡಿನ ಬಹುಪಾಲು ತುಡುವೆ ಕುಟುಂಬಗಳನ್ನು ಅಳಿಸಿದಾಗ ಅವೂ ಬರಿದಾದವು. ರೋಗ ತಂದ ನಷ್ಟಕ್ಕೆ ನಾನು ಹೊಣೆಯಲ್ಲ. ಆದರೆ ಅಳಿದುಳಿದು ಮರಳಿ ಹೆಚ್ಚಿದ ಜೇನಿಗೆ ನನ್ನ ನೆಲದಲ್ಲಿ ಉಣ್ಣಲು ಇಲ್ಲದಂತೆ ಮಾಡಿದವನು ನಾನೇ. ಕಾಗದದ ಹೂವಿನಲ್ಲಿ ನಮ್ಮ ಕಣ್ಣು ಸೆಳೆಯುವ ಬಣ್ಣ ದಳಗಳದಲ್ಲ, ಎಲೆಗಳದು. ಸುತ್ತುದಳದ ದಾಸವಾಳದಲ್ಲಿ ಪರಾಗ ಕೊಡಬೇಕಾದ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಅತಿಥಿಗೆ ಬಣ್ಣದ ಎಲೆ ಹಾಸಿ ಅನ್ನ ಬಡಿಸದೆ ಕಳುಹಿಸಿದಂತಾಗಿತ್ತು ನನ್ನ ಉದ್ಯಾನ.

ಮಠದ ವಿದ್ಯಾರ್ಥಿನಿಲಯದಲ್ಲಿ ನಾವು ಹುಡುಗರು ಬೆಳಗಿನ ಪೂಜೆಗೆ ಹೂ ಬಿಡಿಸಲು ಹೋಗುವಾಗ, ಅಲ್ಲಿನ ಹಿರಿಯರೊಬ್ಬರು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ಗಿಡವನ್ನು ಬರಿದು ಮಾಡಬೇಡಿರಪ್ಪಾ, ಅದಕ್ಕೂ ನಾಳೆ ಎಂಬುದಿದೆ." ಅಂದು ಅದನ್ನು ಶಿಸ್ತಿನ ಮಾತೆಂದಷ್ಟೇ ತಿಳಿದಿದ್ದೆ. ಅದರ ಅರ್ಥ ನನಗೆ ಅರವತ್ತರ ಮೇಲೆ ಆಯಿತು.

ಈ ಸಲ ನರ್ಸರಿಗೆ ಹೋಗಲಿಲ್ಲ. ಅವ್ವನ ಕೈಹಿಡಿದು ಗೋಮಾಳಕ್ಕೆ ಹೋದೆ. ಔಷಧಿ ಮುಟ್ಟದ ಬಂಡೆಯ ಬುಡದಲ್ಲಿ ತುಂಬೆ ಇನ್ನೂ ಇತ್ತು. ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಬೀಜ ಬಿಡಿಸುವುದನ್ನು ಆಕೆ ತೋರಿಸಿದಳು. ಯಾವ ಗಿಡದ ಮೇಲೆ ಯಾವ ದುಂಬಿ ಕೂರುತ್ತದೆಂಬುದನ್ನು ಒಂದು ವರ್ಷ ಸುಮ್ಮನೆ ನೋಡಿ ಬರೆದಿಟ್ಟುಕೊಂಡೆ. ವರ್ಷದ ಯಾವ ತಿಂಗಳಲ್ಲೂ ಹಿತ್ತಲು ಹೂವಿಲ್ಲದೆ ಇರಬಾರದು ಎಂಬುದೇ ನನ್ನ ಆಯ್ಕೆಯ ಸೂತ್ರವಾಯಿತು. ಯುಗಾದಿ ಕಳೆದ ಮೇಲೆ ಹೊಂಗೆ, ಅದರ ಹಿಂದೆ ಹುಣಸೆ; ಶ್ರಾವಣದಿಂದ ತುಂಬೆ; ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು; ಮಾಗಿಯಲ್ಲಿ ನಮ್ಮ ಮಾಗಡಿಯ ಅವರೆ; ಬೇಲಿಗೆ ಲಕ್ಕಿ ಮತ್ತು ತಂಗಡಿ. ಹುಚ್ಚೆಳ್ಳಿಗೆ ತನ್ನ ಗಿಡದ ಪರಾಗ ಸಲ್ಲದು, ಬೇರೆ ಗಿಡದ್ದೇ ಬೇಕು. ಜೇನು ಬಂದಷ್ಟೂ ಕಾಳು ಕಟ್ಟುತ್ತದೆ. ತಂಗಡಿಯಲ್ಲಿ ಮಧುವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಕಿರುರಂಧ್ರದಿಂದ ಉದುರಬೇಕು. ಕರಿಯ ದೊಡ್ಡ ದುಂಬಿ ಹೂವನ್ನು ತಬ್ಬಿ ಝೇಂಕರಿಸಿ ಅದನ್ನು ಅಲುಗಿಸಿ ಪಡೆಯುತ್ತದೆ. ಆ ವಿದ್ಯೆ ಜೇನಿಗೂ ಬಾರದು. ಬೇಲಿಯ ಎಕ್ಕವನ್ನು ಕಡಿಯದೆ ಬಿಟ್ಟೆ. ಅದರ ಎಲೆಯನ್ನುಂಡು ಬೆಳೆಯುವ ಚಿಟ್ಟೆಯ ಹುಳುವುಂಟು. ಲಂಟಾನಕ್ಕೆ ಚಿಟ್ಟೆಗಳು ಮುತ್ತುವುದು ನಿಜವಾದರೂ, ಪರದೇಶದಿಂದ ಬಂದ ಆ ಪೊದೆ ತನ್ನ ಕೆಳಗೆ ಹುಲ್ಲನ್ನೂ ತುಂಬೆಯನ್ನೂ ಬಾಳಗೊಡದಾದ್ದರಿಂದ ಬೇರುಸಹಿತ ಕಿತ್ತೆ. ನೆಲದಲ್ಲಿ ಬಿಲ ತೋಡಿ ಬಾಳುವ ಒಂಟಿ ದುಂಬಿಗಳಿಗೆಂದು ಒಂದು ಮೂಲೆಯನ್ನು ಅಗೆಯದೆ ಬಿಟ್ಟೆ.

ಇದು ನಮ್ಮ ಸೀಮೆಗೆ ಹೊಸ ವಿವೇಕವೇನೂ ಅಲ್ಲ. ರಾಮನಗರ, ಕನಕಪುರಗಳ ರೇಷ್ಮೆ ಬೆಳೆಗಾರನು ಪಕ್ಕದ ಹೊಲದ ಔಷಧಿ ತನ್ನ ಹಿಪ್ಪುನೇರಳೆಯ ಮೇಲೆ ಬಿದ್ದರೆ ಹುಳು ಸಾಯುತ್ತವೆಂದು ಬಲ್ಲ. ಅದಕ್ಕಾಗಿ ಜಗಳಕ್ಕೂ ನಿಲ್ಲುತ್ತಾನೆ. ಚನ್ನಪಟ್ಟಣದ ಗೊಂಬೆಗೆ ಮೈ ಕೊಡುವುದು ಆಲೆಮರ, ಹೊಳಪು ಕೊಡುವ ಅರಗು ಒಂದು ಕೀಟದ ಕೊಡುಗೆ. ಹುಳುವಿನ ಋಣದಲ್ಲಿ ಅನ್ನ ಉಣ್ಣುವ ನಾವು, ರೇಷ್ಮೆಹುಳುವಿಗೆ ತೋರುವ ಎಚ್ಚರವನ್ನು ದುಂಬಿಗೂ ತೋರಿದರೆ ಸಾಕು.

ಎರಡು ಮಳೆಗಾಲ ಹಿತ್ತಲು ನೋಡಲು ಪಾಳಿನಂತೆಯೇ ಇತ್ತು. ಭೇಷ್ ಎಂದವರೇ ನಕ್ಕರು. ಮೂರನೆಯ ಶ್ರಾವಣದಲ್ಲಿ, 2017ರಲ್ಲಿ, ತುಂಬೆ ನೆಲ ಬೆಳ್ಳಗಾಗುವಂತೆ ಅರಳಿತು. ಅವ್ವ ಕೋಲೂರಿಕೊಂಡು ಬಂದು ಬಾಗಿದಳು. ಹೂವಿನ ಮೇಲೆ ಜೇನು ಕುಳಿತಿರುವುದನ್ನು ಕಂಡು ಕೈ ಹಿಂತೆಗೆದಳು. "ಅದು ಉಂಡುಕೊಳ್ಳಲಿ ತಡಿ" ಎಂದು ಪಕ್ಕದ ಗಿಡಕ್ಕೆ ಹೋದಳು.

ಈಗ ಅವ್ವ ಇಲ್ಲ. ತಂದೆಯವರ ಪೆಟ್ಟಿಗೆಗಳು ಇಂದಿಗೂ ಬರಿದಾಗಿಯೇ ಇವೆ; ಆದರೆ ಕುಂಬಳದ ಹೂವಿನೊಳಗೆ ತುಡುವೆ ಪರಾಗದಲ್ಲಿ ಮಿಂದೇಳುವುದನ್ನು ಬೆಳಗ್ಗೆ ಕಾಣುತ್ತೇನೆ. ಪೂಜೆಗೆ ಹೂ ಬಿಡಿಸುವ ಕೆಲಸ ಈಗ ನನ್ನದು. ಜೇನು ಕುಳಿತ ಗಿಡವನ್ನು ಬಿಟ್ಟು ಪಕ್ಕದ ಗಿಡಕ್ಕೆ ಹೋಗುತ್ತೇನೆ.